ಹುಟ್ಟುವ ಮೊದಲೇ ಕೊಟ್ಟುಬಿಟ್ಟ ಮಗ

ನನಗಿಂತ ಮೊದಲು ಹುಟ್ಟಿದ ಮೂವರೂ ತೊಟ್ಟಿಲು ದಾಟಲಿಲ್ಲ. ನಾನು ಹೊಟ್ಟೆಯಲ್ಲಿದ್ದಾಗ ಅವ್ವ ತನ್ನ ತವರಿಗೆ, ಬೀಳಗಿ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಗಿದ್ದ ಹಳ್ಳಿಗೆ ಹೋದಳು. ಅಲ್ಲೊಂದು ಸಣ್ಣ ಕಲ್ಲಿನ ಚರ್ಚಿತ್ತು. ಅದರ ಹಾಸುಗಲ್ಲಿನ ಮೇಲೆ ಮೊಣಕಾಲೂರಿ, ಈ ಕೂಸು ಗಂಡಾಗಿ ಬದುಕಿ ಉಳಿದರೆ ನಿನ್ನ ಸೇವೆಗೇ ಬಿಡುತ್ತೇನೆ ಎಂದು ಹರಕೆ ಹೊತ್ತಳು. ನಾನು ಗಂಡಾಗಿ ಹುಟ್ಟಿದೆ, ಬದುಕಿಯೂ ಉಳಿದೆ. ಅಲ್ಲಿಗೆ ನನ್ನ ಮುಂದಿನ ಬಾಳು ತೀರ್ಮಾನವಾಗಿಹೋಗಿತ್ತು.

ರಬಕವಿಯ ನಮ್ಮ ಓಣಿಯಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಅಪ್ಪ ಬೇರೆಯವರ ಪವರ್‌ಲೂಮಿನಲ್ಲಿ ಸೀರೆ ನೇಯುತ್ತಿದ್ದ, ಅವ್ವ ಮನೆಯಲ್ಲಿ ರಾಟಿಯ ಮೇಲೆ ಮಗ್ಗದ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಹರಕೆಯ ವಿಷಯ ಓಣಿಗೆಲ್ಲ ಗೊತ್ತಿತ್ತು, ಯಾರಿಗೂ ವಿಚಿತ್ರ ಅನಿಸಿರಲಿಲ್ಲ. ಪಕ್ಕದ ಮನೆಯ ಲಿಂಗಾಯತರ ಅಜ್ಜಿ ಬಂದವರಿಗೆಲ್ಲ ನನ್ನನ್ನು ತೋರಿಸಿ, "ನಮ್ಮಾಗ ಮಠಕ್ಕ ಮರಿ ಅಂತ ಹುಡುಗನ್ನ ಬಿಡತಾರಲ್ಲ, ಹಂಗ ಇವರು ಚರ್ಚಿಗೆ ಬಿಟ್ಟಾರ" ಎನ್ನುತ್ತಿದ್ದಳು. ಆಮೇಲೆ ನನ್ನ ಹಣೆ ನೇವರಿಸಿ, "ಹಣಿಬರಾ ಯಪ್ಪಾ, ಹಣಿಬರಾ" ಎಂದು ನಗುತ್ತಿದ್ದಳು.

ಅವ್ವನಿಗೆ ಓದಲು ಬರುತ್ತಿರಲಿಲ್ಲ. ನಾನು ಅಕ್ಷರ ಕಲಿತ ಮೇಲೆ ಸಂಜೆ ಸತ್ಯವೇದ ಓದಿ ಹೇಳುವುದು ನನ್ನ ಕೆಲಸವಾಯಿತು. ಅವಳು ರಾಟಿ ತಿರುಗಿಸುತ್ತಲೇ ಕೇಳುತ್ತಿದ್ದಳು. ತಾಯಿ ಹನ್ನಳು ಮಗ ಸಮುವೇಲನನ್ನು ದೇವಾಲಯಕ್ಕೆ ಒಪ್ಪಿಸಿದ ಕಥೆ ಬಂದರೆ ರಾಟಿ ನಿಲ್ಲುತ್ತಿತ್ತು. ಪ್ರವಾದಿ ಯೆರೆಮೀಯನನ್ನು ತಾಯಿಯ ಗರ್ಭದಲ್ಲಿ ರೂಪಿಸುವ ಮೊದಲೇ ದೇವರು ಬಲ್ಲವನಾಗಿದ್ದನು ಎಂಬ ಕಡೆ ಬಂದಾಗ, "ಇನ್ನೊಮ್ಮಿ ಓದು" ಎನ್ನುತ್ತಿದ್ದಳು. ಓದಿದ ಮೇಲೆ, "ಇದು ನಿಂದs ಮಾತು ನೋಡು" ಎಂದು ಮತ್ತೆ ರಾಟಿಗೆ ಕೈ ಹಾಕುತ್ತಿದ್ದಳು. ಪುಸ್ತಕದಲ್ಲಿ ಅಚ್ಚಾದದ್ದು ಸುಳ್ಳಾಗಲು ಸಾಧ್ಯವಿರಲಿಲ್ಲ. ಅದರಲ್ಲಿ ನಾನಿದ್ದೆ, ಓದುತ್ತಿದ್ದವನೂ ನಾನೇ. ನನ್ನ ಬಾಯಿಂದಲೇ ನನಗೆ ಬೀಗ ಹಾಕಿಸುತ್ತಿದ್ದಳೆಂದು ಆಗ ಹೊಳೆದಿರಲಿಲ್ಲ.

ನನಗೆ ಬೇಕಾಗಿದ್ದುದು ಬೇರೆ. ಬನಹಟ್ಟಿಯಲ್ಲಿ ಸುಟ್ಟ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತಿಕೊಡುವ ಅಂಗಡಿಯೊಂದಿತ್ತು. ಶಾಲೆ ಬಿಟ್ಟ ಮೇಲೆ ಅಲ್ಲಿ ಹೋಗಿ ಕೂರುತ್ತಿದ್ದೆ. ಸತ್ತ ಮೋಟಾರು ಮತ್ತೆ ಗುಂಯ್ ಎಂದಾಗ ಆಗುತ್ತಿದ್ದ ಸಂತೋಷ ನನಗೆ ಪ್ರಾರ್ಥನೆಯಲ್ಲಿ ಆದದ್ದಿಲ್ಲ. ಒಮ್ಮೆ ಧೈರ್ಯ ಮಾಡಿ ಅವ್ವನಿಗೆ ಅದನ್ನೇ ಹೇಳಿದೆ.

"ನನಗ ಚರ್ಚಿನ ಅಯ್ಯನವರ ಆಗೂದು ಬ್ಯಾಡ ಬೇ. ಮೋಟಾರ್ ಕೆಲಸ ಕಲೀತೀನಿ."

ಅವ್ವ ಸಿಟ್ಟಾಗಲಿಲ್ಲ. "ಯೋನಗೂ ಬ್ಯಾಡ ಆಗಿತ್ತು" ಎಂದಳು, ಅಷ್ಟೆ. ದೇವರು ಹೇಳಿದ ಊರಿಗೆ ಹೋಗದೆ ಹಡಗು ಹತ್ತಿ ಓಡಿಹೋದ ಪ್ರವಾದಿ ಯೋನ. ಮೀನು ಅವನನ್ನು ನುಂಗಿ, ಹೋಗಬೇಕಾಗಿದ್ದ ದಾರಿಗೇ ತಂದು ಉಗುಳಿತು. ನಾನು ಒಪ್ಪಿದರೆ ಸಮುವೇಲ, ಒಪ್ಪದಿದ್ದರೆ ಯೋನ. ನಾನು ಆಡಬಹುದಾದ ಪ್ರತಿಯೊಂದು "ಒಲ್ಲೆ"ಯೂ ಆ ಪುಸ್ತಕದಲ್ಲಿ ಮೊದಲೇ ಇತ್ತು. ಆ ಒಲ್ಲೆ ಕೊನೆಗೆ "ಆಗಲಿ" ಎಂದೇ ಮುಗಿದಿತ್ತು.

ಆದರೂ ಓಡಿಹೋದೆ. ಪಿಯುಸಿ ಮುಗಿದ ವರ್ಷ ಯಾರಿಗೂ ಹೇಳದೆ ಬೀಳಗಿ ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಹಂಗಾಮಿನ ಕೆಲಸಕ್ಕೆ ಸೇರಿಕೊಂಡೆ. ಮೋಟಾರು ನೋಡಿಕೊಳ್ಳುವವರಿಗೆ ಸಹಾಯಕ. ಕಬ್ಬಿನ ಗಾಡಿಗಳ ಸಾಲು, ಕಾಕಂಬಿಯ ವಾಸನೆ, ಯಾರೂ ನನ್ನ ಹಣೆ ನೇವರಿಸದ ದಿನಗಳು. ನನ್ನ ಬದುಕಿನಲ್ಲಿ ನಾನೇ ಆರಿಸಿಕೊಂಡ ಕಾಲವೆಂದರೆ ಅದೊಂದೇ. ಹಂಗಾಮು ಮುಗಿಯುವುದರೊಳಗೆ ನನಗೆ ಕಾಮಾಲೆ ಬಂತು. ಕಣ್ಣು, ಉಗುರು ಎಲ್ಲ ಹಳದಿ. ಜೊತೆಯವರು ಮನೆಗೆ ಸುದ್ದಿ ಮುಟ್ಟಿಸಿದರು. ಅವ್ವ ಬಂದು ಬಾಗಿಲಲ್ಲಿ ನಿಂತಾಗ ಅವಳ ಮುಖದಲ್ಲಿದ್ದದ್ದನ್ನು ನಾನು ಗೆಲುವೆಂದು ತಿಳಿದೆ.

ಸ್ವಲ್ಪ ಚೇತರಿಸಿಕೊಂಡ ಮೇಲೆ ರಬಕವಿಗೆ ಹೋಗದೆ ನೇರ ತವರಿಗೆ ಕರೆದೊಯ್ದಳು. ಆ ಹಳ್ಳಿ ಮುಳುಗಡೆಯ ಯಾದಿಯಲ್ಲಿತ್ತು. ಅಣೆಕಟ್ಟಿನ ಹಿನ್ನೀರು ಆಗಲೇ ಹೊಲಗಳ ಕೆಳಗಿನ ಅಂಚಿಗೆ ಬಂದಿತ್ತು. ಜನ ಮನೆಗಳ ತೊಲೆ, ಬಾಗಿಲು, ಕಿಟಕಿಗಳನ್ನು ಕಿತ್ತು ಟ್ರ್ಯಾಕ್ಟರಿಗೆ ಹೇರುತ್ತಿದ್ದರು. ಸೋದರಮಾವ ಚರ್ಚಿನ ಗಂಟೆ ಇಳಿಸಿ ಗೋಣಿಚೀಲದಲ್ಲಿ ಸುತ್ತುತ್ತಿದ್ದ. ಮಾಡು ತೆಗೆದಿದ್ದರಿಂದ ಒಳಗೆಲ್ಲ ಬಿಸಿಲು. ಅವ್ವ ನನ್ನ ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಆ ಹಾಸುಗಲ್ಲು ತೋರಿಸಿದಳು.

"ಇಲ್ಲೆ. ಇಲ್ಲೆ ನಿನ್ನ ಕೊಟ್ಟಿದ್ದೆ."

"ಈ ಕಲ್ಲs ಮುಳಗತೈತಲ್ಲ ಬೇ."

"ಕಲ್ಲ ಮುಳಗತಾವ. ಹರಕಿ ಮುಳಗತಾವೇನೊ?" ಅವಳ ದನಿ ನಡುಗುತ್ತಿತ್ತು. "ಊರು, ಹೊಲ, ನಮ್ಮಪ್ಪನ ಸಮಾಧಿ, ಎಲ್ಲಾ ಹೊಂಟಾವ. ನೀ ಒಬ್ಬಾವ ಉಳದಿ. ಮೊಣಕಾಲ ಊರು."

ಕಾಮಾಲೆಯಿಂದ ಕಾಲಲ್ಲಿ ಬಲವಿರಲಿಲ್ಲ. ಊರಿದೆನೋ, ಕುಸಿದೆನೋ, ಈಗಲೂ ಹೇಳಲಾರೆ. ಹೊರಗೆ ಮಾವ, "ಲಗೂ ಮುಗಸ್ರಿ, ಗಾಡಿ ಹೊಂಟತಿ" ಎಂದು ಕೂಗುತ್ತಿದ್ದ. ಆ ಮಳೆಗಾಲದ ನಂತರ ಆ ಊರನ್ನು ಯಾರೂ ನೋಡಿಲ್ಲ.

ದೂರದ ಊರಿನ ದೇವಜ್ಞಾನ ಶಾಲೆಗೆ ಸೇರಿಸಿದರು. ಅಲ್ಲಿ ಗೋಡೆಯೊಳಗೆ ಇನ್ನೊಂದು ಗೋಡೆ, ಪಾಠದ್ದು. ಜಗತ್ತಿನ ಅಸ್ತಿವಾರಕ್ಕೂ ಮೊದಲೇ ದೇವರು ತನ್ನವರನ್ನು ಆರಿಸಿಕೊಂಡಿದ್ದಾನೆ ಎಂಬ ಪಾಠ ಬಂದಾಗ ತರಗತಿ ಎರಡಾಯಿತು. ಮನುಷ್ಯನಿಗೆ ಆರಿಸುವ ಶಕ್ತಿಯೇ ಇಲ್ಲದಿದ್ದರೆ ಆಜ್ಞೆಗಳನ್ನು ಯಾಕೆ ಕೊಟ್ಟ ಎಂದು ಕೆಲವರು. ಜೇಡಿಮಣ್ಣು ಕುಂಬಾರನನ್ನು ಪ್ರಶ್ನೆ ಕೇಳುತ್ತದೆಯೇ ಎಂದು ಉಳಿದವರು. ಊಟದ ಸಾಲಿನಲ್ಲೂ ಜಗಳ ನಡೆಯುತ್ತಿತ್ತು. ಎರಡೂ ಕಡೆಯವರು ಅದೇ ಪುಸ್ತಕದಿಂದ ವಚನ ತೆಗೆಯುತ್ತಿದ್ದರು. ಇಬ್ಬರೂ ಕುಂಬಾರನ ಕಡೆಯಿಂದ ವಾದಿಸುತ್ತಿದ್ದರು, ನಾನೊಬ್ಬ ಮಣ್ಣಿನ ಕಡೆಯಿಂದ ಓದುತ್ತಿದ್ದೆ.

ಪಾಠ ಹೇಳುತ್ತಿದ್ದ ಹಿರಿಯ ಗುರುಗಳು ಮೃದು ಸ್ವಭಾವದವರು. ಒಂದು ದಿನ ಅವರ ಕೋಣೆಗೆ ಹೋಗಿ, ಇದಕ್ಕೂ ನಮ್ಮ ಓಣಿಯ ಅಜ್ಜಿ ಹೇಳುತ್ತಿದ್ದ ಹಣೆಬರಹಕ್ಕೂ ಏನು ವ್ಯತ್ಯಾಸ ಎಂದು ಕೇಳಿದೆ.

"ಹಣೆಬರಹಕ್ಕೆ ಪ್ರೀತಿಯಿಲ್ಲ ಕಣಯ್ಯಾ. ಆರಿಸಿಕೊಂಡವನಿಗೆ ಪ್ರೀತಿಯಿದೆ" ಎಂದರು.

"ನನ್ನನ್ನು ಆರಿಸಿದ್ದು ದೇವರೋ ನಮ್ಮವ್ವನೋ, ಅದು ನನಗೆ ಹೇಗೆ ಗೊತ್ತಾಗಬೇಕು?"

"ಅವ್ವನ ಮೂಲಕ ದೇವರು ಆರಿಸಬಾರದೇ?" ಎಂದರು. ಅದೂ ಬೀಗವೇ. ಒಳ್ಳೆಯ ಮನುಷ್ಯನ ಕೈಯಿಂದ, ಒಳ್ಳೆಯ ಮನಸ್ಸಿನಿಂದ ಬಿದ್ದ ಬೀಗ.

ಹೊರಗೆ ಹೋಗುವ ದಾರಿ ಇದ್ದರೆ ಅದೂ ಆ ಪುಸ್ತಕದಲ್ಲೇ ಇರಬೇಕು ಎಂದು ಹಟ ಹಿಡಿದು ಹುಡುಕತೊಡಗಿದೆ. ಅವ್ವ ಬೇರೆ ಯಾವ ಮಾತಿಗೂ ತಲೆಬಾಗುವವಳಲ್ಲ. ಮೋಶೆಯ ಧರ್ಮಶಾಸ್ತ್ರದಲ್ಲಿ, ಯಾರೂ ಪ್ರಸಂಗಕ್ಕೆ ಆರಿಸಿಕೊಳ್ಳದ ಒಂದು ಅಧ್ಯಾಯದಲ್ಲಿ ಅದು ಸಿಕ್ಕಿತು. ಮದುವೆಯಾದ ಹೆಂಗಸು ಹರಕೆ ಹೊತ್ತರೆ, ಗಂಡ ಅದನ್ನು ಕೇಳಿದ ದಿನವೇ ಬೇಡವೆಂದರೆ ಆ ಹರಕೆ ನಿಲ್ಲುವುದಿಲ್ಲ, ರದ್ದಾಗುತ್ತದೆ. ದೇವರು ಅವಳನ್ನು ಕ್ಷಮಿಸುತ್ತಾನೆ. ಕೇಳಿಯೂ ಅವನು ಸುಮ್ಮನಿದ್ದರೆ ಹರಕೆ ನಿಲ್ಲುತ್ತದೆ. ನನ್ನ ಬಿಡುಗಡೆ ನಾನು ಹುಟ್ಟುವ ಮೊದಲಿನ ಯಾವುದೋ ಒಂದು ದಿನದಲ್ಲಿತ್ತು, ಅಪ್ಪನ ಬಾಯಲ್ಲಿತ್ತು.

ರಜೆಗೆ ಊರಿಗೆ ಬಂದೆ. ಅಪ್ಪನ ಜೊತೆ ಮಾತಾಡಲು ಕರೆಂಟು ಹೋಗುವವರೆಗೆ ಕಾಯಬೇಕು. ಮಗ್ಗಗಳ ಸದ್ದಿನಲ್ಲಿ ಅವನ ಕಿವಿ ಅರ್ಧ ಮಂದವಾಗಿತ್ತು. ಮಧ್ಯಾಹ್ನ ಕರೆಂಟು ಹೋಯಿತು. ಅಪ್ಪ ಪವರ್‌ಲೂಮಿನಿಂದ ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚತೊಡಗಿದ.

"ಅಪ್ಪಾ, ಅವ್ವ ಹರಕಿ ಹೊತ್ತಿದ್ದು ನಿನಗ ಯಾವಾಗ ಗೊತ್ತಾತು?"

"ತವರಿಂದ ಬಂದ ದಿನಾನ ಹೇಳಿದ್ಲು."

"ನೀ ಏನ ಅಂದಿ?"

"ಏನ ಅನ್ನಲಿ?" ಅಪ್ಪ ಎಲೆ ಮಡಿಚಿದ, ಬಾಯಿಗೆ ಹಾಕಿಕೊಳ್ಳಲಿಲ್ಲ. "ಮೂರು ಕೂಸು ಮಣ್ಣ ಮಾಡಿದಾಕಿ. ಬ್ಯಾಡ ಅಂದು, ನೀನೂ ಹೋಗಿದ್ದರ? ನನ್ನ ಬಾಯಿಂದ ಹೋತು ಅಂತಿದ್ಲು, ಸಾಯೂತನ. ಸುಮ್ಮನಿದ್ದೆ."

ಸುಮ್ಮನಿದ್ದೆ. ಶಾಸ್ತ್ರದಲ್ಲಿದ್ದದ್ದೂ ಅದೇ ಪದ. ಅಧ್ಯಾಯದ ವಿಷಯ ನಾನು ಅಪ್ಪನಿಗೆ ಹೇಳಲಿಲ್ಲ. ಹೇಳಿ ಏನು ಮಾಡುವುದು? ಅಪ್ಪ, "ಯಾಕ ಕೇಳಿದಿ?" ಎಂದ. "ಸುಮ್ಮನ" ಎಂದೆ. ಕರೆಂಟು ಬಂತು. ಅಪ್ಪ ಎದ್ದು ಒಳಗೆ ಹೋದ, ಮಗ್ಗಗಳು ಮತ್ತೆ ಬಡಿಯತೊಡಗಿದವು.

ಓದು ಮುಗಿಸಿದೆ. ಅಯ್ಯನವರಾಗುವ ಅಭಿಷೇಕಕ್ಕೆ ಮುಂಚೆ ಹಿರಿಯರು, ನಿನಗೆ ದೇವರ ಕರೆಯಾಗಿದೆಯೇ ಎಂದು ಕೇಳಿದರು. ಅವ್ವ ಹಿಂದಿನ ಬೆಂಚಿನಲ್ಲಿ ಹೊಸ ಸೀರೆಯುಟ್ಟು ಕುಳಿತಿದ್ದಳು. ಹೌದು ಎಂದೆ. ಮುಧೋಳದ ಸಣ್ಣ ಚರ್ಚಿನ ಸಭೆಗೆ ನನ್ನನ್ನು ಹಾಕಿದರು. ದೀಕ್ಷಾಸ್ನಾನ, ಮದುವೆ, ಸತ್ತವರನ್ನು ಮಣ್ಣು ಮಾಡುವುದು, ಭಾನುವಾರದ ಪ್ರಸಂಗ. ಕೆಲಸ ನನಗೆ ಚೆನ್ನಾಗಿಯೇ ಬರುತ್ತಿತ್ತು, ಅದೇ ಇನ್ನೂ ಕಷ್ಟ. ಜನ ಕೈಮುಗಿದು, "ದೇವರು ನಿಮ್ಮನ್ನ ಇದಕ್ಕs ಹುಟ್ಟಿಸ್ಯಾನ ನೋಡ್ರಿ ಅಯ್ಯನವರ" ಎನ್ನುತ್ತಿದ್ದರು. ಪ್ರತಿ ಸಲವೂ ಕೊರಳ ಪಟ್ಟಿ ಒಂದು ಎಳೆ ಬಿಗಿಯಾದಂತಾಗುತ್ತಿತ್ತು. ಆ ವರ್ಷಗಳಲ್ಲೇ ಅಪ್ಪ ತೀರಿಕೊಂಡ. ಅವ್ವ ನನ್ನ ಜೊತೆಗಿರಲು ಬಂದಳು.

ಮದುವೆಯಾಗಿ ಕೆಲವು ವರ್ಷದ ಮೇಲೆ ನನ್ನ ಹೆಂಡತಿ ಬಸುರಾದಳು. ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡು ಜಮಖಂಡಿಯ ಆಸ್ಪತ್ರೆಗೆ ಸೇರಿಸಬೇಕಾಯಿತು. ಕೂಸಿನ ಎದೆಬಡಿತ ಸರಿಯಾಗಿಲ್ಲ, ಆಪರೇಷನ್ ಮಾಡಬೇಕು ಎಂದು ಬೆಳಿಗ್ಗೆ ಡಾಕ್ಟರು ಹೇಳಿಹೋದರು. ಅವ್ವ ಮಂಚದ ಬುಡದಲ್ಲಿ ನೆಲದ ಮೇಲೆ ಕುಳಿತಿದ್ದಳು. ಹೆಂಡತಿ ನನ್ನ ತೋಳು ಹಿಡಿದು, "ರೀ, ಪ್ರಾರ್ಥನಾ ಮಾಡ್ರಿ. ಕೂಸು ಉಳೀತಂದ್ರ ನಾ ಅದನ್ನ..." ಎಂದಳು.

"ಬ್ಯಾಡ" ಎಂದೆ.

ಅವಳು ಕಣ್ಣರಳಿಸಿದಳು. ನನ್ನ ದನಿ ನನಗೇ ದೊಡ್ಡದಾಗಿ ಕೇಳಿತು. "ನೀ ಏನೂ ಕೊಡಬ್ಯಾಡ. ಕೊಡತೀನಿ ಅಂದಿದ್ದರೂ ನಾ ಒಪ್ಪೂದಿಲ್ಲ. ಇವತ್ತs, ಈಗs ಹೇಳೇನಿ, ಈ ಹರಕಿ ನಿಲ್ಲೂದಿಲ್ಲ. ಕೂಸು ಉಳದರ ಅದರ ಪಾಡಿಗೆ ಅದು ಉಳೀಲಿ." ಆಮೇಲೆ ಪ್ರಾರ್ಥನೆ ಮಾಡಿದೆ, ಯಾವ ಕರಾರೂ ಇಲ್ಲದೆ. ನನ್ನ ಬಾಯಿಂದ ಬಂದ ಪ್ರಾರ್ಥನೆಗಳಲ್ಲಿ ಅದು ಅತಿ ಚಿಕ್ಕದು. ಅವಳನ್ನು ಒಳಗೆ ಕರೆದುಕೊಂಡು ಹೋದರು.

ಅವ್ವ ಮತ್ತು ನಾನು ಹೊರಗಿನ ಬೆಂಚಿನ ಮೇಲೆ ಉಳಿದೆವು. ಇನ್ನು ಬೈಗುಳ ಬರುತ್ತದೆಂದು ಕಾದೆ. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ಹಂಗ ಅನ್ನಾಕ ಬರತೈತೇನು? ಪುಸ್ತಕದಾಗ ಐತೇನು?" ಎಂದಳು.

"ಐತಿ ಬೇ. ಕೇಳಿದ ದಿನಾನ ಗಂಡ ಬ್ಯಾಡ ಅಂದರ ಹರಕಿ ನಿಲ್ಲೂದಿಲ್ಲ. ಹೆಂಗಸಿಗೆ ದೋಷ ಇಲ್ಲ."

"ಆ ಪಾಠ ನೀ ನನಗ ಯಾವತ್ತೂ ಓದಿ ಹೇಳಲಿಲ್ಲ."

"ಸಿಗೂದರಾಗ ತಡಾ ಆಗಿತ್ತು."

ಅವ್ವ ಬೆರಳಿಗೆ ಸುತ್ತಿದ್ದ ಸೆರಗು ಬಿಚ್ಚಿದಳು. ಆಮೇಲೆ, "ನಿಮ್ಮಪ್ಪ ಒಂದ ಮಾತ ಅಂದಿದ್ದರ ನನಗೂ ಹಗುರ ಆಗತಿತ್ತು" ಎಂದಳು. ನನಗೆ ಅರ್ಥವಾಗಲಿಲ್ಲ. ಅವಳು ನನ್ನ ಕಡೆ ನೋಡದೆ ಹೇಳುತ್ತ ಹೋದಳು. "ನೀ ಕೆಮ್ಮಿದರ ಅಂಜತಿದ್ದೆ. ಮೋಟಾರ್ ಅಂಗಡಿಗೆ ಹೋದರ ಅಂಜತಿದ್ದೆ, ದೇವರು ನೋಡಾಕತ್ತಾನ, ಕೊಟ್ಟಿದ್ದು ವಾಪಸ್ ತಗೋತಾನ ಅಂತ. ಕಾಮಾಲಿ ಆಗಿ ನೀ ಹಳದಿ ಆಗಿ ಮಲಗಿದ್ದಿ ನೋಡು, ಬಾಗಿಲದಾಗ ನಿಂತಾಗ ನನ್ನ ಜೀವದಾಗ ಜೀವ ಇರಲಿಲ್ಲ. ಮೂರು ತಗೊಂಡಾನ, ಇದನ್ನೂ ತಗೊಂಡ ಅಂತ ತಿಳದಿದ್ದೆ. ನಿನಗ ಅಯ್ಯನವರ ಅಂಗಿ ಹಾಕಿಸಿದ ದಿನ ನಾ ನಿದ್ದಿ ಮಾಡೀನಿ."

ಅಷ್ಟು ವರ್ಷ ನಾನು ಅವಳನ್ನು ಕಾವಲುಗಾರ್ತಿ ಎಂದೇ ತಿಳಿದಿದ್ದೆ. ಅವಳೂ ಒಳಗೇ ಇದ್ದಳು. ನನಗಿಂತ ಮೊದಲೇ ಒಳಗೆ ಬಂದವಳು, ಬೀಗದ ಕೈ ಅವಳ ಹತ್ತಿರವೂ ಇರಲಿಲ್ಲ. ಅವಳ ಕೈಮೇಲೆ ಕೈಯಿಟ್ಟೆ. ಒರಟು ಕೈ, ಎಳೆ ಹಿಡಿದು ಹಿಡಿದು ತೋರುಬೆರಳಲ್ಲಿ ಗೆರೆ ಬಿದ್ದಿತ್ತು.

ಮಧ್ಯಾಹ್ನದ ಹೊತ್ತಿಗೆ ನರ್ಸು ಬಂದು ಹೆಣ್ಣು ಎಂದಳು. ತೂಕ ಕಡಿಮೆಯಿದೆ, ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿಡಬೇಕು, ಆದರೆ ಗಟ್ಟಿಯಾಗಿ ಅಳುತ್ತಿದೆ ಎಂದಳು. ಉಳಿಯಿತು. ಈಗ ಶಾಲೆಗೆ ಹೋಗುತ್ತಾಳೆ, ಪ್ರಾರ್ಥನೆಯ ಹೊತ್ತಿನಲ್ಲಿ ಕೂತಲ್ಲೇ ತೂಕಡಿಸುತ್ತಾಳೆ.

ಆಸ್ಪತ್ರೆಯಿಂದ ಮನೆಗೆ ಬಂದ ವಾರ, ಕೂಸಿಗೆ ಎಣ್ಣೆ ಹಚ್ಚುತ್ತ ಅವ್ವ, "ನಿನಗ ಖರೇನ ಬ್ಯಾಡ ಅನಸಿದರ ಬಿಟ್ಟಬಿಡಪಾ. ಇನ್ನ ನಾ ಅಂಜೂದಿಲ್ಲ" ಎಂದಳು. ಅವಳ ಬಾಯಿಂದ ಆ ಮಾತು ಕೇಳಲು ನಾನು ಎಷ್ಟು ವರ್ಷ ಕಾದಿದ್ದೆ! ಕೇಳಿದಾಗ ಎದೆ ಹಗುರವಾಗಲಿಲ್ಲ, ಬರಿದಾಯಿತು. ಮೋಟಾರಿನ ಕೆಲಸ ಮರೆತುಹೋಗಿತ್ತು, ನನಗೆ ಬೇರೆ ಯಾವುದೂ ಬರುತ್ತಿರಲಿಲ್ಲ. ಮುಧೋಳದ ಸಭೆಯಲ್ಲಿ ಒಬ್ಬ ಮುದುಕಿ ಸಾಯುವ ಸ್ಥಿತಿಯಲ್ಲಿದ್ದಳು, ನಾನು ಬಂದೇ ಬರುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದೆ.

"ನೋಡೋಣು" ಎಂದೆ ಅವ್ವನಿಗೆ.

ಆ ಭಾನುವಾರ ಎದ್ದು ಬಿಳಿ ನಿಲುವಂಗಿ ಹಾಕಿಕೊಂಡು ಹೋದೆ. ಯಾರೂ ಬಲವಂತ ಮಾಡಲಿಲ್ಲ. ಅದನ್ನು ನಾನು ಆರಿಸಿಕೊಂಡೆನೋ, ಬೇರೆ ಕಡೆ ಹೋಗಲು ಕಾಲೇ ಬರಲಿಲ್ಲವೋ, ಇವತ್ತಿಗೂ ನನಗೆ ತಿಳಿಯದು. ಸಭೆಯ ಹುಡುಗರಿಗೆ ನಾನು ನಡೆಸುವ ಸತ್ಯವೇದದ ತರಗತಿಯಲ್ಲಿ ಅವರು ಪೂರ್ವನೇಮಕದ ಬಗ್ಗೆ, ಅಂದರೆ ದೇವರು ಮೊದಲೇ ಆರಿಸಿಕೊಳ್ಳುವುದರ ಬಗ್ಗೆ, ಕೇಳಿದಾಗ ಎರಡೂ ಕಡೆಯ ವಚನಗಳನ್ನು ಓದಿಸುತ್ತೇನೆ. "ನಿಮ್ಮ ಅಭಿಪ್ರಾಯ ಏನರಿ?" ಎಂದು ಯಾರಾದರೂ ಕೇಳಿದರೆ, ಮೊದಲು ಮನೆಗೆ ಹೋಗಿ ನಿಮ್ಮ ತಾಯಿ ಯಾವುದಕ್ಕೆ ಅಂಜುತ್ತಾಳೆ ಕೇಳಿಕೊಂಡು ಬನ್ನಿ ಎನ್ನುತ್ತೇನೆ. ಅವರು ನಗುತ್ತಾರೆ. ನಾನು ತಮಾಷೆಗೆ ಹೇಳುವುದಲ್ಲ.