ವರಾಂಡದ ದೋಣಿ

೧೯೮೨ನೇ ಇಸವಿ. ದೀಪಾವಳಿ ಮುಗಿದು ಚಳಿ ಬಿದ್ದಿತ್ತು. ನಾವು ಆಗ ಹುಮನಾಬಾದಿನಲ್ಲಿ ಒಂದು ಔಷಧಿ ಫ್ಯಾಕ್ಟರಿಯ ಕ್ವಾರ್ಟರ್ಸಿನಲ್ಲಿದ್ದೆವು. ಆ ಬೆಳಿಗ್ಗೆಯೂ ಎಲ್ಲ ದಿನದಂತೆಯೇ ಶುರುವಾಯಿತು. ಮೊದಲ ಪಾಳಿಯ ಭೋಂಗಾ ಕೂಗುವ ಮುಂಚೆ ಎದ್ದು ಸ್ಟೋವ್ ಹಚ್ಚಿದೆ. ನಮ್ಮ ಯಜಮಾನರಿಗೆ ಚಹಾ, ರೊಟ್ಟಿ, ಶೇಂಗಾ ಹಿಂಡಿ ಚಟ್ನಿ ಕೊಟ್ಟೆ. ಅವರು ಮಫ್ಲರ್ ಸುತ್ತಿಕೊಂಡು ಸೈಕಲ್ ಹತ್ತಿ ಹೋದರು. ಅತ್ತೆ ಅಂಗಳಕ್ಕೆ ನೀರು ಹೊಡೆದು ತಾವೇ ರಂಗೋಲಿ ಎಳೆದರು. ಒಂದೂವರೆ ವರ್ಷದಿಂದ ಬಗ್ಗುವ ಕೆಲಸವೆಲ್ಲ ಅವರ ಪಾಲಿಗೇ ಬಂದಿತ್ತು.

ಅಷ್ಟರಲ್ಲಿ ಮಗಳು ಜ್ಯೋತಿ ಎದ್ದು ಬಂದಳು. ಎರಡು ತುಂಬಲು ಇನ್ನೂ ಸ್ವಲ್ಪ ಬಾಕಿ. ಕಣ್ಣುಜ್ಜುತ್ತ ಬಂದವಳು ನನ್ನ ಮೊಣಕಾಲನ್ನು ಒಮ್ಮೆ ಸವರಿ, "ಅಮ್ಮಗ ಬಾವ್" ಎಂದು ತನಗೆ ತಾನೇ ಹೇಳಿಕೊಂಡು, ನನ್ನನ್ನು ದಾಟಿ ಅಜ್ಜಿಯ ಕಡೆಗೆ ಹೋದಳು. ಅತ್ತೆ ಅವಳನ್ನು ಎತ್ತಿಕೊಂಡರು. ಅಮ್ಮನಿಗೆ ನೋವಿದೆ, ಅವಳು ಎತ್ತಿಕೊಳ್ಳುವುದಿಲ್ಲ ಎಂಬುದನ್ನು ಆ ಕೂಸು ನಡೆಯುವುದರ ಜೊತೆಗೇ ಕಲಿತುಬಿಟ್ಟಿತ್ತು. ನನ್ನ ಹತ್ತಿರ ಹಟ ಮಾಡುತ್ತಲೇ ಇರಲಿಲ್ಲ. ಹಟ ಮಾಡಿ ಅತ್ತಿದ್ದರೇ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸುತ್ತಿತ್ತು.

ಹೀಗಾದದ್ದು ಹೇಗೆಂದು ಹೇಳಬೇಕು. ನನ್ನ ತವರು ಬಸವಕಲ್ಯಾಣ. ಹೆರಿಗೆಗೆ ಅಲ್ಲಿಗೇ ಹೋಗಿದ್ದೆ. ಮೂರು ತಿಂಗಳಾದ ಮೇಲೆ ಬಾಣಂತಿ ಬಾವಿಗೆ ಹೋಗಿ ಗಂಗೆ ಪೂಜೆ ಮಾಡಿ ತನ್ನ ಕೈಯಿಂದಲೇ ಮೊದಲ ಕೊಡ ನೀರು ಸೇದಬೇಕು ಎನ್ನುವುದು ನಮ್ಮ ಕಡೆಯ ಪದ್ಧತಿ. ಹಸಿರು ಸೀರೆ ಉಟ್ಟು, ಬಾವಿಯ ಕಟ್ಟೆಗೆ ಅರಿಶಿನ ಕುಂಕುಮ ಹಚ್ಚಿ, ಐದು ಜನ ಮುತ್ತೈದೆಯರ ನಡುವೆ ಹಗ್ಗ ಹಿಡಿದು ಹಿಂದಕ್ಕೆ ವಾಲಿ ಎಳೆದೆ. ಹಗ್ಗ ಹರಿಯಿತು. ಹಿಂದಿದ್ದ ಕಲ್ಲಿನ ಮೆಟ್ಟಿಲ ಮೇಲೆ ಬೆನ್ನು ಕೊಟ್ಟು ಬಿದ್ದೆ. ಕೊಡ ನೀರಿಗೆ ಬಿದ್ದ ಸದ್ದು ಕೇಳಿಸಿದ್ದು ಗೊತ್ತು, ಮುಂದಿನದು ಗೊತ್ತಿಲ್ಲ.

ಬೆನ್ನೆಲುಬು ಬಿರುಕು ಬಿಟ್ಟು, ಹುಮನಾಬಾದಿನ ಮನೆಯಲ್ಲಿ ಎಷ್ಟೋ ತಿಂಗಳು ಮರದ ಹಲಗೆಯ ಮೇಲೆ ಮಲಗಿದ್ದೆ. ಅತ್ತೆ ಕೂಸನ್ನು ತಂದು ಪಕ್ಕಕ್ಕೆ ಮಲಗಿಸಿದರೆ ಹಾಲು ಕುಡಿಸುತ್ತಿದ್ದೆ, ಕುಡಿದಾದ ಮೇಲೆ ಎತ್ತಿಕೊಂಡು ಹೋಗುತ್ತಿದ್ದರು. ಎದ್ದು ಓಡಾಡುವಂತಾದ ಮೇಲೂ ಸೊಂಟಕ್ಕೆ ಅಗಲವಾದ ಬೆಲ್ಟು. ಸೊಲ್ಲಾಪುರದ ಡಾಕ್ಟರು ನೋಡಿ, "ಎಲುಬು ಕೂಡಿದೆ, ಆದರೆ ಬೆನ್ನಿನ ಶಕ್ತಿ ಪೂರಾ ಹೋಗಿದೆ. ಈಜಬೇಕು, ಇಲ್ಲವೇ ಅಂಥದೇ ಏನಾದರೂ ವ್ಯಾಯಾಮ ಮಾಡಬೇಕು. ಮಾಡದಿದ್ದರೆ ಈ ಬೆಲ್ಟು ಜನ್ಮಪೂರ್ತಿ. ನಾನು ಹೇಳುವವರೆಗೂ ಮಗುವನ್ನು ಎತ್ತಬೇಡಿ" ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮ ಯಜಮಾನರು, "ನಮ್ಮೂರಾಗ ಕುಡ್ಯಾಕ ನೀರು ದಿನಾ ಬಿಟ್ಟು ದಿನಾ ಬರತಾವ. ಈಜಾಕ ಎಲ್ಲಿಂದ ತರೂದು?" ಎಂದು ನಗಿಸಲು ನೋಡಿದರು. ನನಗೆ ನಗು ಬರಲಿಲ್ಲ.

ಪಕ್ಕದ ಕ್ವಾರ್ಟರ್ಸಿನಲ್ಲಿ ಪಾಟಣಕರ್ ಸಾಹೇಬರು ಎಂಬ ಹಿರಿಯ ಇಂಜಿನಿಯರು ಇದ್ದರು. ಮನೆಯಲ್ಲಿ ಮರಾಠಿ, ನಮ್ಮೊಡನೆ ಕನ್ನಡ. ಅವರ ಹೆಂಡತಿಯನ್ನು ಮರಾಠಿಯವರ ರೂಢಿಯಂತೆ ಎಲ್ಲರೂ ಬಾಯಿ ಎಂದೇ ಕರೆಯುತ್ತಿದ್ದೆವು. ದಪ್ಪ ಮೈ, ದೊಡ್ಡ ದನಿ, ಅದಕ್ಕಿಂತ ದೊಡ್ಡ ಮನಸ್ಸು. ಡಾಕ್ಟರು ಹೇಳಿದ್ದನ್ನು ಗೋಡೆಯ ಈಚೆಯಿಂದ ಹೇಳಿದರೆ ಅವರು ಹಣೆ ಬಡಿದುಕೊಂಡರು. "ಅಯ್ಯ ಸುಮನ್, ಅದಕ್ಯಾಕ ಅಳತಿ? ನಮ್ಮನ್ಯಾಗ ದೋಣಿ ಅದ. ನೀರು ಬ್ಯಾಡ ಅದಕ್ಕ!"

ಹೋಗಿ ನೋಡಿದರೆ ವರಾಂಡದ ಮೂಲೆಯಲ್ಲಿ ಕಬ್ಬಿಣದ ಒಂದು ಚೌಕಟ್ಟು, ಅದರ ತುಂಬ ಒಣಹಾಕಿದ ಹಪ್ಪಳ. ಬಾಯಿ ಹಪ್ಪಳ ತೆಗೆದು ತೋರಿಸಿದರು. ಎರಡು ಕಂಬಿಗಳ ಮೇಲೆ ಗಾಲಿಗಳಿಂದ ಹಿಂದೆ ಮುಂದೆ ಸರಿಯುವ ಮರದ ಸಣ್ಣ ಪೀಠ. ಪಾದ ಕಟ್ಟಿಕೊಳ್ಳಲು ಪಟ್ಟಿಗಳು. ಎರಡು ಹಿಡಿಕೆಗಳಿಗೆ ಸ್ಕೂಟರಿನ ಶಾಕ್ ಅಬ್ಸಾರ್ಬರಿನಂಥ ಎಣ್ಣೆಯ ನಳಿಗೆಗಳು. ಸಾಹೇಬರು ಪುಣೆಯಲ್ಲಿ ಓದುವಾಗ ನದಿಯಲ್ಲಿ ದೋಣಿಯ ಪಂದ್ಯ ಆಡಿದವರು. ಕೆಲಸ ಸಿಕ್ಕ ಮೇಲೆ ಆ ಹುಚ್ಚಿಗೆ, ಕೂತಲ್ಲೇ ಹುಟ್ಟು ಹಾಕುವ ಕಸರತ್ತಿಗೆಂದು, ಮುಂಬೈಯ ಹಳೆ ಸಾಮಾನಿನ ಅಂಗಡಿಯಿಂದ ಇದನ್ನು ತಂದಿದ್ದರಂತೆ. ಮೊಣಕಾಲು ಹೋದ ಮೇಲೆ ದೋಣಿ ಹಪ್ಪಳಕ್ಕೆ ಬಂತು.

ಮುಂದಿನ ಸಲ ಸೊಲ್ಲಾಪುರಕ್ಕೆ ಹೋದಾಗ ನಮ್ಮ ಯಜಮಾನರು ಡಾಕ್ಟರಿಗೆ ಆ ಯಂತ್ರವನ್ನು ಕೈಯಲ್ಲೇ ಅಭಿನಯಿಸಿ ತೋರಿಸಿದರು. ಡಾಕ್ಟರು ನಕ್ಕು, ನಿಧಾನವಾಗಿ ಶುರು ಮಾಡಲಿ ಎಂದರು. ಮಳೆಗಾಲದ ಆರಂಭದಲ್ಲಿ ನಾನು ದೋಣಿ ಹತ್ತಿದೆ.

ಕಲಿಸುವವರು ಸಾಹೇಬರು, ಆದರೆ ಅವರು ನನ್ನನ್ನು ನೋಡಬಾರದು. ಹಿರಿಯ ಗಂಡಸಿನ ಎದುರು ನಾನು ತಲೆಯ ಮೇಲಿನ ಸೆರಗು ಜಾರದಂತೆ ನಿಲ್ಲುವವಳು, ಅಂಥದರಲ್ಲಿ ಕಾಲು ಚಾಚಿ ಮಡಿಸಿ ಮಾಡುವ ಕಸರತ್ತು! ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಸಾಹೇಬರೇ ಆರಾಮ ಕುರ್ಚಿಯನ್ನು ರಸ್ತೆಯ ಕಡೆಗೆ ತಿರುಗಿಸಿ, ನಮಗೆ ಬೆನ್ನು ಮಾಡಿ, ಪೇಪರು ಬಿಚ್ಚಿ ಕೂತರು. ನನ್ನೊಡನೆ ನೇರವಾಗಿ ಮಾತೂ ಇಲ್ಲ. ಹೇಳುವುದನ್ನೆಲ್ಲ ನನಗೂ ಕೇಳುವಂತೆ ಕನ್ನಡದಲ್ಲೇ ಬಾಯಿಗೆ ಹೇಳುತ್ತಿದ್ದರು. ಯಂತ್ರದ ಸದ್ದು ಕೇಳಿಯೇ ಅವರಿಗೆ ಎಲ್ಲ ತಿಳಿಯುತ್ತಿತ್ತು.

ಮೊದಲ ದಿನವೇ ಸೀರೆಯ ಅಂಚು ಗಾಲಿಗೆ ಸಿಕ್ಕಿತು. ಬಾಯಿ ಉಡುತ್ತಿದ್ದುದು ಒಂಬತ್ತು ವಾರಿ ಕಚ್ಚೆ ಸೀರೆ. ನನ್ನನ್ನು ಒಳಗೆ ಕರೆದೊಯ್ದು ತಮ್ಮದೊಂದು ಹಳೆಯ ಸೀರೆ ಕಚ್ಚೆ ಹಾಕಿ ಉಡಿಸಿದರು. ಅದನ್ನು ಉಟ್ಟು ಮನೆಗೆ ಹೋದಾಗ ಅತ್ತೆ ಮೇಲಿಂದ ಕೆಳಗೆ ನೋಡಿ, "ಕಾನ್ವೆಂಟಿನ್ಯಾಗ ಓದಿದ ಸೊಸಿ ಅಂತ ತಂದ್ರ ನಮ್ಮವ್ವನೇ ಎದ್ದು ಬಂದಂಗ ಆತಲ್ಲವ್ವ!" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ಸೀರೆ ಸರಿಯಾಯಿತು, ಎಳೆಯುವುದು ಸರಿಯಾಗಲಿಲ್ಲ. ನಾನು ತೋಳಿನಿಂದಲೇ ಎಳೆಯುತ್ತಿದ್ದೆ. ನಾಲ್ಕಾರು ಸಲಕ್ಕೆ ಭುಜಗಳು ಸೋತುಬಿಡುತ್ತಿದ್ದವು. ಪೇಪರಿನ ಹಿಂದಿನಿಂದ ದನಿ ಬಂತು: "ಬಾವಿ ನೀರು ಸೇದಬ್ಯಾಡ ಅಂತ ಹೇಳು ಆಕೀಗೆ."

ನನ್ನ ಕೈಯಿಂದ ಹಿಡಿಕೆಗಳು ಜಾರಿದವು. ಅವರಿಗೆ ನಾನು ಬಿದ್ದದ್ದು ಗೊತ್ತಿತ್ತು, ಎಲ್ಲಿ ಹೇಗೆ ಎಂಬುದು ಗೊತ್ತಿರಲಿಲ್ಲ. ಬಾಯಿ ಹೋಗಿ ಮೆಲ್ಲಗೆ ಮರಾಠಿಯಲ್ಲಿ ಹೇಳಿದರು. ಮತ್ತೆಂದೂ ಸಾಹೇಬರ ಬಾಯಲ್ಲಿ ಬಾವಿ ಎಂಬ ಮಾತು ಬರಲಿಲ್ಲ. "ಕೂತಲ್ಲಿಂದ ಕಾಲಿಲೆ ಗ್ವಾಡಿ ದೂಡಿದಂಗ ದೂಡು ಅನ್ನು. ಮೊದಲ ಕಾಲು. ಬೆನ್ನು ನೆಟ್ಟಗ. ಕೈ ಕಡೀಕ. ನನಗ ಮೊದಲ ಗಾಲಿ ಸಪ್ಪಳ ಕೇಳಬೇಕು, ಆಮ್ಯಾಲ ನಳಿಗಿ ಉಸ್ ಅನ್ನಬೇಕು" ಎಂದರು.

ಬೆನ್ನು ನೆಟ್ಟಗೆ ಇಡುವುದು ನನಗೆ ಹೊಸದಲ್ಲ. ಕಾನ್ವೆಂಟಿನಲ್ಲಿ ಸಿಸ್ಟರು ಬೆಂಚಿಗೆ ಒರಗಲು ಬಿಡುತ್ತಲೇ ಇರಲಿಲ್ಲ. ಆದರೆ ಹಿಂದಕ್ಕೆ ವಾಲುವ ಕ್ಷಣ ಬಂದಾಗಲೆಲ್ಲ ನಡುವೆಯೇ ತಡೆದುಬಿಡುತ್ತಿದ್ದೆ. ಹಿಂದೆ ಕಲ್ಲಿಲ್ಲ ಎಂದು ಗೊತ್ತಿದ್ದರೂ ಬೆನ್ನಿಗೆ ಗೊತ್ತಿರಲಿಲ್ಲ. ಅದು ತಿಳಿದೋ ಏನೋ, ಬಾಯಿ ದಿನವೂ ನನ್ನ ಹಿಂದೆಯೇ ಮಣೆ ಹಾಕಿಕೊಂಡು ಕೂತು ಸೊಪ್ಪು ಸೋಸುತ್ತಿದ್ದರು.

ಬೆಳಗಿನ ರೇಡಿಯೋ ವಾರ್ತೆ ನಮ್ಮ ಅಳತೆ. ಮೊದಲ ದಿನಗಳಲ್ಲಿ ಮುಖ್ಯಾಂಶ ಮುಗಿಯುವುದರೊಳಗೆ ನಿಲ್ಲಿಸುತ್ತಿದ್ದೆ. ಆಷಾಢದ ಹೊತ್ತಿಗೆ ದಿಲ್ಲಿಯ ಸುದ್ದಿ ದಾಟಿದೆ. ಆಮೇಲೆ ಅಲ್ಲಿಯೇ ನಿಂತುಹೋದೆ. ಮುಂದೆ ಹೋಗಲು ಗಡಿಬಿಡಿ ಮಾಡಿ ಬೇಗ ಬೇಗ ಎಳೆದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು.

"ಯಾರರ ಬೆನ್ನ ಹತ್ಯಾರೇನು ಕೇಳು ಆಕೀಗೆ" ಎಂದರು ಸಾಹೇಬರು. "ದೂಡೂದು ಜೋರಿಲೆ, ಮುಂದ ಬರೂದು ಸಾವಕಾಶ. ನದಿಯಾಗ ನಾವು ಸುಮ್ಮನ ಮುಂದ ಸರಿಯೂ ಹೊತ್ತಿನ್ಯಾಗೇ ದೋಣಿ ಓಡತದ. ಆ ಹೊತ್ತು ಅದಕ್ಕ ಕೊಡಬೇಕು."

ಈ ಮಾತು ನನಗೆ ಬಹಳ ಹಿಡಿಸಿತು. ಎಳೆತ ಕಡಿಮೆಯಾಯಿತು, ಪ್ರತಿಯೊಂದರಲ್ಲೂ ಬಲ ಹೆಚ್ಚಾಯಿತು. ಗಾಲಿಯ ಗರಗರ, ನಳಿಗೆಯ ಉಸ್, ಆಮೇಲೆ ಸ್ವಲ್ಪ ಮೌನ. ದಸರೆಯ ಹೊತ್ತಿಗೆ ಹವಾಮಾನ ಹೇಳುವವರೆಗೂ ತಡೆಯದೆ ನಡೆಸುವಂತಾದೆ. ದೀಪಾವಳಿಗೆ ಮುಂಚೆ ಡಾಕ್ಟರು ಬೆಲ್ಟು ಬಿಚ್ಚಿಸಿ, "ಇನ್ನು ಮಗುವನ್ನು ಎತ್ತಿಕೊಳ್ಳಿ" ಎಂದರು.

ಆದರೆ ನಾನು ಎತ್ತಲಿಲ್ಲ. ನಾಳೆ ಎನ್ನುತ್ತಿದ್ದೆ. ಅತ್ತೆಯೂ, "ಅವಸರ ಏನದ, ಇನ್ನೊಂದು ಹುಣ್ಣಿಮಿ ಹೋಗಲಿ" ಎನ್ನುತ್ತಿದ್ದರು. ಬಾವಿಯ ಹತ್ತಿರ ಆ ದಿನ ಅವರೂ ಇದ್ದರು. ನಾನೊಬ್ಬಳೇ ಬಿದ್ದರೆ ಬಿದ್ದೆ, ಕೂಸನ್ನು ಹಿಡಿದುಕೊಂಡು ಬಿದ್ದರೆ? ಈ ಯೋಚನೆ ನನ್ನ ಕೈ ಕಟ್ಟಿಹಾಕಿತ್ತು.

ನಾನು ಮೊದಲು ಹೇಳಿದ ಆ ಬೆಳಿಗ್ಗೆಯೂ ಕಚ್ಚೆ ಹಾಕಿಕೊಂಡು ದೋಣಿ ನಡೆಸಿ ಪಾದದ ಪಟ್ಟಿ ಬಿಚ್ಚುತ್ತಿದ್ದೆ. ಸಾಹೇಬರು ಪೇಪರಿನಿಂದ ತಲೆ ಎತ್ತದೆ, "ಕೂಸಿನ್ನ ಕರಕೊಂಡು ಬಾ" ಎಂದು ಬಾಯಿಗೆ ಹೇಳಿದರು.

ಬಾಯಿ ಜ್ಯೋತಿಯ ಕೈ ಹಿಡಿದು ನಡೆಸಿಕೊಂಡು ಬಂದರು. ಹಿಂದೆಯೇ ಅತ್ತೆ, ಕೈಯಲ್ಲಿ ಕಸಬರಿಗೆ ಹಾಗೆಯೇ. "ಏನ್ ಮಾಡಾಕತ್ತೀರಿ? ಬ್ಯಾಡ್ರಿ ಬಾಯಿ, ನಾ ಕಣ್ಣಿಲೆ ನೋಡೀನಿ ಆವತ್ತು."

ಸಾಹೇಬರು ಅತ್ತೆಯೊಡನೆ ನೇರವಾಗಿ ಮಾತಾಡುತ್ತಿದ್ದರು. "ಅಕ್ಕಾ, ನೀವು ಕೂಡ್ರಿ. ಆಕಿ ಹಿಂದ ನಮ್ಮಾಕಿ ನಿಂತಾಳ. ಬಿದ್ರೂ ಗಾದಿ ಮ್ಯಾಲ ಬಿದ್ದಂಗ."

"ಏನಂದ್ರಿ?" ಎಂದರು ಬಾಯಿ ಸೊಂಟಕ್ಕೆ ಕೈಯಿಟ್ಟು.

"ಪೇಪರಿನ್ಯಾಗ ಬಂದದ" ಎಂದರು ಸಾಹೇಬರು. ಅತ್ತೆಗೂ ನಗು ಬಂತು. ಆದರೆ ಕಸಬರಿಗೆ ಕೆಳಗಿಡಲಿಲ್ಲ.

"ಆಕೀಗೆ ಹೇಳು. ದೋಣಿಯಾಗ ಮುಂದ ಬಂದಾಗ ಹ್ಯಾಂಗ ಮೊಣಕಾಲು ಮಡಚತಾಳೋ, ಹಂಗೇ ಕುಕ್ಕರಗಾಲಿಲೆ ಕೂಡಲಿ. ಕೂಸಿನ್ನ ಎದಿಗೆ ಹಚ್ಚಿ ಹಿಡೀಲಿ. ಕೈಲೆ ಎತ್ತೂದು ಬ್ಯಾಡ. ಕಾಲಿಲೆ ನೆಲಾ ದೂಡಲಿ, ಅಷ್ಟ."

ನಾನು ಕೂತೆ. ಜ್ಯೋತಿಯನ್ನು ಹತ್ತಿರ ಎಳೆದುಕೊಂಡೆ. ಅವಳು ನನ್ನ ಮುಖ ನೋಡಿ, "ಅಮ್ಮಾ, ಬಾವ್?" ಎಂದಳು. ಅವಳನ್ನು ಎದೆಗೆ ಹಚ್ಚಿಕೊಂಡೆ. ಅರ್ಧ ಎದ್ದವಳು ಹಾಗೆಯೇ ಅವಳನ್ನು ಇಳಿಸಿಬಿಟ್ಟೆ.

"ಉಸುರು ಕಟ್ಟಿದಳು" ಎಂದರು ಸಾಹೇಬರು ತಕ್ಷಣ. "ಉಸ್ ಬರಲಿಲ್ಲ. ಬಿಡಲಿ, ಉಸುರು ಬಿಡ್ತಾ ಏಳಲಿ."

ಜ್ಯೋತಿಗೆ ಇದೊಂದು ಆಟವೆನ್ನಿಸಿತ್ತು. "ಮತ್ತ!" ಎಂದಳು.

ಎರಡನೇ ಸಲ ಕಾಲಿನಿಂದ ನೆಲ ದೂಡಿದೆ. ನನ್ನ ಬಾಯಿಂದ ಉಸ್ ಎಂದು ಉಸಿರು ಹೋಯಿತು. ನೋಡಿದರೆ ನಾನು ನಿಂತಿದ್ದೆ. ಅವಳ ತಲೆ ನನ್ನ ಕೆನ್ನೆಯ ಹತ್ತಿರ ಇತ್ತು. ಕೊಬ್ಬರಿ ಎಣ್ಣೆಯ ವಾಸನೆ, ಬಿಸಿಯಾದ ಕಿವಿ. ಅವಳಿಗೆ ನನ್ನ ಸೊಂಟದ ಮೇಲೆ ಕೂಡುವುದು ಹೇಗೆಂದು ಗೊತ್ತಿರಲಿಲ್ಲ, ಕಾಲನ್ನು ನೆಟ್ಟಗೆ ಇಳಿಬಿಟ್ಟಿದ್ದಳು. ಬಾಯಿ ಬಂದು ಒಂದು ಕಾಲನ್ನು ಮುಂದಕ್ಕೆ, ಒಂದನ್ನು ಹಿಂದಕ್ಕೆ ಮಾಡಿ ಕೂಡಿಸಿದರು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡರು. ಅತ್ತೆ ಕಸಬರಿಗೆಯನ್ನು ನೆಲಕ್ಕಿಟ್ಟು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು.

ಸಾಹೇಬರು ತಿರುಗಿ ನೋಡಲಿಲ್ಲ. "ಆತು" ಎಂದು ಪೇಪರಿನ ಹಾಳೆ ಮಗುಚಿದರು. ಸ್ವಲ್ಪ ಹೊತ್ತಾದ ಮೇಲೆ ಹೇಳಿದರು: "ನಾಳೀನೂ ಬರಬೇಕು ಅಂತ ಹೇಳು. ಬಂದ ಶಕ್ತಿ ಮನಿ ಅಳಿಯಾ ಇದ್ದಂಗ. ದಿನಾ ಮಾತಾಡಸಲಿಲ್ಲಂದ್ರ ಸಿಟ್ಟು ಮಾಡಿ ಹೊಂಟ ಹೋಗತದ."

ಮಧ್ಯಾಹ್ನ, ಪಾಳಿ ಮುಗಿಸಿ ಬಂದ ನಮ್ಮ ಯಜಮಾನರು ಬಾಗಿಲಲ್ಲಿ ನನ್ನನ್ನೂ ಮಗಳನ್ನೂ ನೋಡಿ, ಸ್ಟ್ಯಾಂಡ್ ಹಾಕುವುದನ್ನು ಮರೆತು ಸೈಕಲ್ ಬಿಟ್ಟರು. ಅದು ಅತ್ತೆಯ ರಂಗೋಲಿಯ ಮೇಲೆ ಬಿತ್ತು. ಆ ದಿನ ಅತ್ತೆ ಬೈಯಲಿಲ್ಲ.

ಪಾಟಣಕರ್ ದಂಪತಿಗಳು ಈಗ ಹುಮನಾಬಾದಿನಲ್ಲಿಲ್ಲ. ನಾವೂ ಆ ಕ್ವಾರ್ಟರ್ಸು ಬಿಟ್ಟು ಬಹಳ ದಿನಗಳಾದವು. ಬಾಯಿಯ ಮುಖ ಕಣ್ಣಿಗೆ ಕಟ್ಟಿದ ಹಾಗಿದೆ. ಸಾಹೇಬರ ಮುಖ ಮಾತ್ರ ನನಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದು ಅವರ ಬೆನ್ನು, ಸವೆದ ಕಾಲರು, ಕಿವಿಯ ಹಿಂದಿನ ಕನ್ನಡಕದ ಕಡ್ಡಿ, ಪೇಪರು ಹಿಡಿದ ಮೊಣಕೈ. ಒಬ್ಬ ಹೆಣ್ಣುಮಗಳ ಮರ್ಯಾದೆಗೆ ಎಳ್ಳಷ್ಟೂ ಮುಜುಗರವಾಗದಂತೆ, ಆರು ತಿಂಗಳು ಬೆನ್ನು ತಿರುಗಿಸಿ ಕೂತು ಅವಳ ಬೆನ್ನನ್ನು ನೆಟ್ಟಗೆ ಮಾಡಿಕೊಟ್ಟವರು ಅವರು. ಕೈ ಮುಗಿಯಬೇಕೆನಿಸಿದಾಗ ನನಗೆ ಆ ಬೆನ್ನೇ ಕಣ್ಣ ಮುಂದೆ ಬರುತ್ತದೆ.

ಜ್ಯೋತಿಯನ್ನು ಮೊದಲ ಸಲ ಎತ್ತಿದ ಆ ದಿನದ ಸಂಜೆ ನಲ್ಲಿಗೆ ನೀರು ಬಂದಿತ್ತು. ಅತ್ತೆ ಸಾಲಿಗೆ ಕೊಡ ಹಚ್ಚಿದ್ದರು. ನನಗೆ ಅಲ್ಲಿ ಕೆಲಸವೇನೂ ಇರಲಿಲ್ಲ, ಆದರೂ ಜ್ಯೋತಿಯನ್ನು ಸೊಂಟದ ಮೇಲೆ ಕೂಡಿಸಿಕೊಂಡು ಹೋಗಿ ನಿಂತೆ. ಕೊನೆಯ ಮನೆಗೆ ಅದೇ ವಾರ ಹೊಸದಾಗಿ ಬಂದಿದ್ದ ಖಾಜಾಬಿ ಸಾಲಿನಲ್ಲಿದ್ದರು. ಅವರಿಗೆ ನಮ್ಮ ಕಥೆ ಏನೂ ಗೊತ್ತಿಲ್ಲ. ತಮ್ಮ ಬಕೆಟ್ಟನ್ನು ಕಾಲಿನಿಂದ ಮುಂದಕ್ಕೆ ಸರಿಸುತ್ತ ನನ್ನ ಕಡೆ ಒಮ್ಮೆ ನೋಡಿ ಹೇಳಿದರು:

"ಇಷ್ಟ ದೊಡ್ಡ ಹುಡುಗೀನ್ನ ಕಂಕುಳಾಗ ಇಟ್ಕೊಂಡು ತಿರಗತೀರಲ್ರಿ, ನಡ್ಯಾಕ ಬರಂಗಿಲ್ಲೇನ್ ಆಕೀಗೆ? ಇಳಸ್ರಿ ಕೆಳಗ. ಹುಟ್ಟಿದಾಗಿಂದ ಹಿಂಗ ಎತ್ತಿ ಎತ್ತಿ ನೀವೇ ರೂಢಿ ಮಾಡೀರಿ."