ಹದಿನೆಂಟು ಪುಸ್ತಕದ ಮಳೆ

ಮಂಗಳವಾರ ಸಂಜೆ ಬಂದ ಹೂ ಮಳೆ ಎಪ್ಪತ್ತೆರಡು ಸೆಂಟು. ಇದನ್ನು ಮೊದಲು ಬರೆದುಬಿಡುತ್ತೇನೆ, ಮಳೆ ಅಳೆಯುವವನಿಗೆ ಅದೇ ಅಭ್ಯಾಸ. ನೂರು ಸೆಂಟಿಗೆ ಒಂದು ಇಂಚು. ಕಾಫಿ ಹೂ ಬಿಡಲು ಈ ಎಪ್ಪತ್ತೆರಡು ಸಾಕೋ ಸಾಲದೋ ಎಂದು ಹೆತ್ತೂರಿನ ಸುತ್ತಮುತ್ತ ಎಲ್ಲರೂ ಫೋನಿನಲ್ಲಿ ಮಾತಾಡಿಕೊಳ್ಳುತ್ತಿದ್ದಾರೆ. ನನಗೆ ಅದರ ಯೋಚನೆಯೇ ಇಲ್ಲ. ಸೋಮವಾರದಿಂದ ಮುಖದ ಮೇಲೆ ಒಂದು ನಗು ಬಂದು ಕೂತಿದೆ, ಏಳುತ್ತಿಲ್ಲ. ಡೈರಿಗೆ ಹಾಲು ಹಾಕಲು ಹೋದಾಗ ಅಲ್ಲಿದ್ದವರು ಏನು ಸಮಾಚಾರ ಎಂದು ಕೇಳಿದರು. ಅರ್ಧ ಗಂಟೆ ಹೇಳಿದೆ. ಆದರೂ ಒಳಗೆ ಇನ್ನೂ ಉಳಿದಿದೆ, ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಗೊಬ್ಬರ ಹೊರಲು ಎಸ್ಟೇಟಿಗೆ ಸೇರಿದೆ. ಅಂಕಿಗಳನ್ನು ದುಂಡಗೆ ಬರೆಯುತ್ತಾನೆ ಎಂದು ಅಲ್ಲಿನ ಲೆಕ್ಕಪತ್ರ ನೋಡುವ ರೈಟರು ಮಳೆ ಅಳೆಯುವ ಕೆಲಸ ಕೊಟ್ಟರು. ಬೆಳಿಗ್ಗೆ ಎಂಟಕ್ಕೆ ಬಂಗಲೆಯ ಹಿಂದೆ ಇಟ್ಟಿರುವ ಡಬ್ಬಿ ಎತ್ತಬೇಕು. ಅದರೊಳಗಿನ ನೀರನ್ನು ಗೀಟು ಹಾಕಿದ ಗಾಜಿನ ಕೊಳವೆಗೆ ಸುರಿಯಬೇಕು, ಕಣ್ಣಿನ ಮಟ್ಟಕ್ಕೆ ಹಿಡಿದು ಓದಬೇಕು, ಬರೆಯಬೇಕು, ನೀರನ್ನು ಗಿಡದ ಬುಡಕ್ಕೆ ಚೆಲ್ಲಬೇಕು. ಮೊದಲನೇ ದಿನ ರೈಟರು ಹೇಳಿದ್ದು ಇಷ್ಟೇ.

"ಮೊದ್ಲು ಬರಿ, ಆಮೇಲೆ ಚೆಲ್ಲು. ಬರ್ದಾದ್ ಮೇಲೆ ಒಂದ್ ತೊಟ್ಟೂ ಉಳಿಸ್ಕಬ್ಯಾಡ ಕಣೋ. ಉಳ್ಕಂಡ್ರೆ ನಾಳೆ ಮಳೆ ಸುಳ್ಳಾಯ್ತದೆ."

ನಲವತ್ತು ವರ್ಷ ಹಾಗೇ ಮಾಡಿದೆ. ಎಸ್ಟೇಟಿನ ದೊಡ್ಡ ಪುಸ್ತಕದಲ್ಲಿ ಬರೆದದ್ದನ್ನೇ ಮನೆಗೆ ಬಂದು ನನ್ನ ಸಣ್ಣ ಪುಸ್ತಕದಲ್ಲೂ ಬರೆಯುತ್ತಿದ್ದೆ. ಯಾಕೆ ಎಂದು ಕೇಳಿದ್ದರೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಬರೆಯಲು ಬರುತ್ತಿತ್ತು, ಬರೆದೆ. ಎಸ್ಟೇಟು ಕೈ ಬದಲಾದಾಗ ದೊಡ್ಡ ಪುಸ್ತಕಗಳು ಎಲ್ಲಿ ಹೋದವೋ ಯಾರಿಗೂ ತಿಳಿಯಲಿಲ್ಲ. ನನಗೆ ಉಳಿದದ್ದು ಕೆಲಸ ಬಿಡುವಾಗ ಅವರೇ ಕೊಟ್ಟ ಹಳೆಯ ಮಳೆ ಡಬ್ಬಿ, ಮತ್ತು ಈ ಹದಿನೆಂಟು ಸಣ್ಣ ಪುಸ್ತಕ.

ಅವು ಬೆಲೆಯುಳ್ಳವು ಎಂದು ಮೊದಲು ಕಂಡವಳು ನನ್ನ ಮಗಳ ಮಗಳು. ಹಾಸನದ ಹಾಸ್ಟೆಲಿನಲ್ಲಿದ್ದು ಕಂಪ್ಯೂಟರ್ ಓದುತ್ತಾಳೆ. ಯಾರೋ ಬೇಡವೆಂದ ಕಂಪ್ಯೂಟರೊಂದನ್ನು ನಮ್ಮ ನಡುಮನೆಯಲ್ಲಿ ತಂದಿಟ್ಟು, ಅದು ಎದ್ದು ಕೆಲಸ ಮಾಡಲು ಲಿನಕ್ಸ್ ಎಂಬುದನ್ನು ಹಾಕಿದಳು. ತೆರೆದ ಕೂಡಲೇ ಕಾಫಿ ಹೂವಿನ ಚಿತ್ರ ಕಾಣುವಂತೆ ಮಾಡಿದಳು. ಎರಡು ರಜೆ ಪೂರ್ತಿ ನಾನು ಓದಿ ಹೇಳಿದೆ, ಅವಳು ಒತ್ತಿದಳು.

"ನಾಲ್ಕಿಂಚು ಎಂಟು ಸೆಂಟು. ಮಾರನೇ ದಿನ ಆರಿಂಚು ಹತ್ತು."

"ನಿಧಾನ ತಾತ. ನಿನ್ ಮಳೆಗಿಂತ ನೀನೇ ಜೋರಾಗ್ ಸುರಿತೀಯಲ್ಲ."

ಯಾವ ವರ್ಷ ಕೇಳಿದರೂ ಆ ವರ್ಷದ ಮಳೆಯನ್ನು ಗೆರೆ ಎಳೆದು ತೋರಿಸುವ ಹಾಗೆ ಅದರಲ್ಲೇ ಏನೋ ಕಟ್ಟಿದಳು. ಅದನ್ನು ಕಾಲೇಜಿನಲ್ಲಿ ಮೇಷ್ಟರುಗಳ ಮುಂದೆ ಓಡಿಸಿ ತೋರಿಸಿದರೆ ಪಾಸು. ಜನವರಿಯಲ್ಲಿ ಕೊನೆಯ ಪುಟ ಮುಗಿಯಿತು. "ಎಲ್ಲಾ ಬರ್ದಾಯ್ತು ಕಣ್ ತಾತ" ಎಂದಳು.

ಬರೆದಾಯ್ತು ಎಂದ ಮೇಲೆ ಮುಂದಿನದನ್ನು ನನ್ನ ಕೈ ತಾನಾಗಿ ಮಾಡಿತು. ಅವಳು ಬಸ್ಸು ಹತ್ತಿದ ಮಾರನೇ ಬೆಳಿಗ್ಗೆ ಹದಿನೆಂಟೂ ಪುಸ್ತಕವನ್ನು ಬಚ್ಚಲ ಒಲೆಗೆ ಹಾಕಿ ಹಂಡೆ ನೀರು ಕಾಯಿಸಿದೆ. ಮನಸ್ಸು ಹಗುರವಾಗಿತ್ತು. ಅಳೆದು, ಬರೆದು, ಚೆಲ್ಲಿದ ಹಾಗೆ.

ಮಾರ್ಚಿನಲ್ಲಿ ಆನೆ ಕಾಟ ಹೆಚ್ಚಾಯಿತು. ನಮ್ಮ ಜೊತೆಗಿರುವ ಮಗ ಗೇಟಿನ ಹತ್ತಿರ ಒಂದು ಕ್ಯಾಮೆರಾ ಹಾಕಿಸಿದ. ಆನೆ ಬಂದರೆ ಮನೆಯೊಳಗೇ ಕೂತು ನೋಡಬಹುದು. ಅದನ್ನು ಹಾಕಲು ಬಂದವನು ಕಂಪ್ಯೂಟರನ್ನು ನೋಡಿ, ಕ್ಯಾಮೆರಾ ಲಿನಕ್ಸಿನಲ್ಲಿ ನಡೆಯುವುದಿಲ್ಲ, ಬೇರೆ ಸಿಸ್ಟಮ್ ಹಾಕಬೇಕು ಎಂದ. ಮಗ ನನ್ನ ಮುಖ ನೋಡಿದ. ಕಂಪ್ಯೂಟರ್ ನನ್ನ ಸುಪರ್ದಿಯಲ್ಲಿತ್ತು.

"ಹಳೇದು ಹೋಗ್ಬುಡ್ತದಾ?" ಎಂದು ಕೇಳಿದೆ.

"ಇಲ್ಲ ಯಜಮಾನ್ರೇ, ಅದೂ ಇರ್ತದೆ ಇದೂ ಇರ್ತದೆ. ಪಕ್ಕದಲ್ಲೇ ಹಾಕ್ತೀನಿ."

ಎಸ್ಟೇಟಿನಲ್ಲಿ ಆಳುಗಳು ಇರುವ ಲೈನ್ ಮನೆಗಳ ಕೊನೆಗೆ ಇನ್ನೊಂದು ಕೋಣೆ ಕಟ್ಟುವುದನ್ನು ಎಷ್ಟು ಸಲ ನೋಡಿಲ್ಲ. ಮೊದಲ ಮನೆಯವರ ಒಲೆ ಕೂಡ ಆರುವುದಿಲ್ಲ. ಹಾಕು ಎಂದೆ. ಅವನಿಗೆ ಕಾಫಿಯನ್ನೂ ಕೊಟ್ಟೆ.

ಅವನು ಹೋದ ಮೇಲೆ ಕಂಪ್ಯೂಟರ್ ಹಾಕಿದೆ. ಕಾಫಿ ಹೂವು ಬರಲಿಲ್ಲ. ನೀಲಿ ಪರದೆ, ಅದರೊಳಗೆ ನಮ್ಮ ಗೇಟು. ಆರಿಸಿ ಮತ್ತೆ ಹಾಕಿದೆ. ಮತ್ತೆ ಗೇಟು. ಮೂರನೇ ಸಲವೂ ಅದೇ ಗೇಟು. ಅಂದು ಶುಕ್ರವಾರ. ಮೊಮ್ಮಗಳು ಸೋಮವಾರ ತೋರಿಸಬೇಕು.

ಫೋನಿನಲ್ಲಿ ವಿಷಯ ಹೇಳಿದಾಗ, ಪರದೆಯ ಮೇಲೆ ಏನೇನು ಕಾಣುತ್ತದೆ ಎಂದು ಅವಳು ಒಂದೊಂದಾಗಿ ಕೇಳಿದಳು. ಆಮೇಲೆ ಹೇಳಿದಳು, "ನಾನ್ ಭಾನುವಾರ ಬತ್ತೀನಿ. ಯಾರೂ ಮುಟ್ಬ್ಯಾಡಿ. ಪೆನ್‌ಡ್ರೈವ್‌ನಾಗೆ ಅರ್ಧ ವರ್ಷಗಳ್ದು ಮಾತ್ರ ಇಟ್ಕಂಡಿದೀನಿ, ಅದು ನನ್ ತಪ್ಪು. ನೀನ್ ಹೆದ್ರಬ್ಯಾಡ ತಾತ. ತೀರಾ ಆಗ್ಲಿಲ್ಲ ಅಂದ್ರೆ ನಿನ್ ಪುಸ್ತಕ ಐತಲ್ಲ."

ನಾನು ಹೂಂ ಎಂದೆ. ಆ ಹೂಂ ಹೇಗೆ ಬಾಯಿಂದ ಬಂತೋ ಗೊತ್ತಿಲ್ಲ.

ಎರಡು ದಿನ ಅನ್ನ ಸೇರಲಿಲ್ಲ. ಬಚ್ಚಲಿಗೆ ಹೋದರೆ ಒಲೆಯ ಬಾಯಿ ಕಾಣುತ್ತಿತ್ತು. ಬೂದಿಯನ್ನು ಯಾವತ್ತೋ ಬಾಳೆ ಬುಡಕ್ಕೆ ಹಾಕಿಯಾಗಿತ್ತು. ನೆನಪಿನಿಂದ ಬರೆಯೋಣ ಎಂದು ಹೊಸ ಪುಸ್ತಕ ತೆಗೆದು ಕೂತೆ. ಡಬ್ಬಿ ತುಂಬಿ ಹೊರಗೆ ಹರಿದ ದಿನ ನೆನಪಿತ್ತು, ಹೂ ಮಳೆ ಬಾರದೇ ಹೋದ ಒಂದು ವರ್ಷ ನೆನಪಿತ್ತು. ಉಳಿದ ಸಾವಿರಾರು ಬೆಳಿಗ್ಗೆಗಳಲ್ಲಿ ಒಂದೂ ಬರಲಿಲ್ಲ. ನೆನಪಿಡಬೇಕಾಗಿರಲಿಲ್ಲ, ಬರೆದಿದ್ದೆನಲ್ಲ.

ಭಾನುವಾರ ಹತ್ತು ಗಂಟೆಯ ಬಸ್ಸಿಗೆ ಬಂದಳು. ಚೀಲ ಇಳಿಸುವ ಮೊದಲೇ ಮಗನನ್ನು ಹಿಡಿದಳು.

"ಏನ್ ಮಾವ, ಆನೆ ನೋಡಕ್ ಹೋಗಿ ನನ್ ಮಳೆ ಓಡ್ಸ್‌ಬುಟ್ಯಾ?"

"ನನ್ಗೇನ್ ಗೊತ್ತಮ್ಮ. ನಿಮ್ ತಾತನೇ ಹಾಕು ಅಂದಿದ್ದು."

"ತಾತ ಹಾಕು ಅಂತಾನೆ. ತೋಟಕ್ಕೆ ಹೋಗು ಅಂದ್ರೆ ಒಂದ್ ಸಲನಾದ್ರೂ ಕೇಳಿದ್ಯಾ?"

ಮಗ ನಗುತ್ತಾ ಹೊರಗೆ ಹೋದ. ನನಗೆ ನಗು ಬರಲಿಲ್ಲ. ಅವಳು ಕೂತು ಕಂಪ್ಯೂಟರಿಗೆ ಲಿನಕ್ಸ್ ತುಂಬಿದ ಇನ್ನೊಂದು ಪೆನ್‌ಡ್ರೈವ್ ಚುಚ್ಚಿದಳು. ಗೆಳತಿ ಬರೆದುಕೊಟ್ಟ ಚೀಟಿಯನ್ನು ಕೀಲಿಮಣೆಯ ಪಕ್ಕ ಇಟ್ಟುಕೊಂಡಳು. ನಾನು ಹಿಂದೆ ಸ್ಟೂಲಿನ ಮೇಲೆ ಕೂತೆ.

"ಏನಾಗೈತೆ ಅಂತ ಒಂದ್ ಮಾತ್ ಹೇಳವ್ವ."

ಅವಳು ತಿರುಗಿ, ನನಗೆ ಗೊತ್ತಿರುವ ಮಾತಿನಲ್ಲಿಯೇ ಹೇಳಿದಳು. "ಇದ್ರೊಳಗೂ ಒಂದ್ ಗೇಟ್ ಐತೆ ಅನ್ಕ. ಅದ್ರ ವಾಚ್‌ಮನ್ ಬದ್ಲಾಗವ್ನೆ ತಾತ. ಮೊದ್ಲಿದ್ದೋನು ನಾನ್ ಇಟ್ಟೋನು. ಹೊಸ ಸಿಸ್ಟಮ್ ಬಂದು ಅವನ್ನ ಕಳ್ಸಿ ತನ್ನೋನ್ನ ನಿಲ್ಸ್‌ಕಂಡೈತೆ. ಇವನಿಗೆ ಹೊಸ ಬಂಗ್ಲೆ ಒಂದೇ ಗೊತ್ತು, ಬಂದೋರ್ನೆಲ್ಲ ಅಲ್ಲಿಗೇ ಕಳಿಸ್ತಾನೆ. ನಮ್ ಮಳೆ ಇಟ್ಟಿರೋ ಸ್ಟೋರು ಹಳೇ ಜಾಗ್ದಾಗೇ ಇರ್ಬೇಕು."

"ಇರ್ಬೇಕು ಅಂದ್ರೆ?"

"ಹೊಸ ಬಂಗ್ಲೆ ಕಟ್ಟಕ್ಕೆ ನಮ್ ಸ್ಟೋರ್ ಕೆಡವಿಲ್ದೆ ಇದ್ರೆ."

ಪರದೆ ಕಪ್ಪಗಾಗಿ ಬಿಳಿ ಅಕ್ಷರಗಳು ಇಳಿಯತೊಡಗಿದವು. ಅಷ್ಟರಲ್ಲಿ ಕರೆಂಟ್ ಹೋಯಿತು.

ಮಗ ಲೈನ್‌ಮನ್‌ಗೆ ಫೋನ್ ಮಾಡಿದ. ಯಾವುದೋ ಮರದ ಕೊಂಬೆ ಬಿದ್ದಿದೆ, ಬರುವಾಗ ನಾಲ್ಕಾಗುತ್ತದೆ ಎಂದರಂತೆ. ಅವಳ ವಾಪಸು ಬಸ್ಸು ಐದೂವರೆಗೆ. ಅವಳು ನನಗಿಂತ ನೆಮ್ಮದಿಯಾಗಿದ್ದಳು.

"ತಾತ, ಸುಮ್ನೆ ಕೂತ್ಕಳೋ ಬದ್ಲು ಪುಸ್ತಕ ತಗಂಬಾ. ನನ್ನತ್ರ ಇಲ್ದಿರೋ ವರ್ಷ ಮೊಬೈಲ್‌ನಾಗೆ ಒತ್ಕತೀನಿ. ಎಷ್ಟಾಯ್ತದೋ ಅಷ್ಟು."

ನಾನು ಎದ್ದೆ. ಕಪಾಟಿನವರೆಗೆ ಹೋದೆ. ಖಾಲಿ ಎಂದು ಗೊತ್ತಿದ್ದೂ ಬಾಗಿಲು ತೆರೆದೆ. ಮೇಲಿನ ಹಲಗೆಯ ಮೇಲೂ ಕೈಯಾಡಿಸಿದೆ. ಅಡುಗೆಮನೆಯಿಂದ ನನ್ನ ಹೆಂಡತಿ ಹೇಳಿದಳು, "ಅಲ್ಲೇನ್ ಹುಡುಕ್ತೀರಿ? ಹೇಳ್ಬುಡಿ ಅತ್ಲಾಗೆ."

ಹೇಳಿದೆ. ಬರೆದಾಯ್ತು ಎಂದಿದ್ದಳಲ್ಲ, ಅದಕ್ಕೇ ಒಲೆಗೆ ಹಾಕಿದೆ ಎಂದೆ. ಹೇಳುವಾಗ ಅವಳ ಮುಖ ನೋಡಲಿಲ್ಲ, ಅವಳ ಕೈ ನೋಡುತ್ತಿದ್ದೆ. ಕೈಯಲ್ಲಿ ಮೊಬೈಲ್ ಹಾಗೇ ನಿಂತಿತ್ತು.

"ಹದಿನೆಂಟೂನಾ?"

"ಹದಿನೆಂಟೂನೂ."

ಅವಳು ಎದ್ದು ಹೊರಗೆ ಕಾಫಿ ಒಣಗಿಸುವ ಕಣಕ್ಕೆ ಹೋಗಿ ನಿಂತಳು. ಬಿಸಿಲು ಕಾಯುತ್ತಿತ್ತು, ಆದರೂ ನಿಂತೇ ಇದ್ದಳು. ಹೋಗಿ ಏನು ಹೇಳಲಿ? ಬೈದಿದ್ದರೆ ಚೆನ್ನಾಗಿತ್ತು. ಸಣ್ಣವಳಿದ್ದಾಗ ಬಿದ್ದರೆ ಎತ್ತಿಕೊಳ್ಳುತ್ತಿದ್ದೆ, ಜ್ವರ ಬಂದರೆ ಹೆಗಲ ಮೇಲೆ ಹಾಕಿಕೊಂಡು ಡಾಕ್ಟರ ಹತ್ತಿರ ಓಡುತ್ತಿದ್ದೆ. ಈಗ ಅವಳಿಗೆ ಆದದ್ದು ನನ್ನ ಕೈಯಿಂದಲೇ, ಅದನ್ನು ಸರಿಮಾಡುವ ವಿದ್ಯೆ ನನ್ನ ಕೈಯಲ್ಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತೆ. ನನ್ನಿಂದ ಆದದ್ದು ಅಷ್ಟೇ.

ಬಹಳ ಹೊತ್ತಿನ ಮೇಲೆ ಒಳಗೆ ಬಂದಳು. ಕಣ್ಣು ಕೆಂಪಗಿತ್ತು.

"ತಾತ, ನಾನು ಬರ್ದಾಯ್ತು ಅಂದಿದ್ದಕ್ಕೆ ಸುಟ್ಯಾ?"

"ನಲವತ್ ವರ್ಷ ಹಂಗೇ ಮಾಡಿದ್ದು ಕಣ್ ಮಗ."

ಹೆಂಡತಿ ಅವಳ ಮುಂದೆ ತಟ್ಟೆ ಇಟ್ಟು, "ಒಂದ್ರ ರಟ್ಟು ಉಳ್ಕಂಡೈತೆ ಕಣೆ. ಉಪ್ಪಿನ್‌ಕಾಯಿ ಜಾಡಿ ಮೇಲೆ ಮುಚ್ಚಿದೀನಿ" ಎಂದಳು. ಮೊಮ್ಮಗಳಿಗೆ ಅಳು ಬರುತ್ತಿದ್ದ ಕಡೆಯಿಂದ ನಗು ಬಂತು. ನಕ್ಕಳು, ಮತ್ತೆ ಅತ್ತಳು, ಆಮೇಲೆ ಊಟ ಮಾಡಿದಳು.

ಕರೆಂಟ್ ಬಂದಾಗ ನಾಲ್ಕಕ್ಕೆ ಹತ್ತು ನಿಮಿಷ. ಮತ್ತೆ ಪೆನ್‌ಡ್ರೈವಿನಿಂದ ಶುರು ಮಾಡಿದಳು. ಪರದೆಯ ಮೇಲೆ ಎರಡು ದೊಡ್ಡ ಭಾಗಗಳ ಹೆಸರು ಬಂದವು, ಎರಡೂ ಹೆಚ್ಚುಕಡಿಮೆ ಒಂದೇ ಅಳತೆ. ಒಂದನ್ನು ತೆರೆದಳು. ಅದರೊಳಗೆ ಅವಳದ್ದು ಏನೂ ಇರಲಿಲ್ಲ. ಅವಳು ತುಟಿ ಕಚ್ಚಿದಳು. ನಾನು ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡೆ. ಇನ್ನೊಂದನ್ನು ತೆರೆದಳು. ಹೆಸರುಗಳ ಸಾಲು ಬಂತು. ಅದರಲ್ಲಿ ಒಂದರ ಮೇಲೆ ಬೆರಳಿಟ್ಟಳು. ಅದು ಕನ್ನಡದಲ್ಲಿತ್ತು, ನನಗೇ ಓದಲು ಬಂತು. ಮಳೆ.

"ಐತೆ" ಎಂದಳು. ಬೇರೆ ಮಾತಾಡದೆ ಅದನ್ನು ಮೊದಲು ಮೊಬೈಲಿಗೆ ತುಂಬಿಕೊಂಡಳು.

ನನಗೆ ಸ್ಟೂಲಿನ ಮೇಲೆ ಕೂರಲಾಗಲಿಲ್ಲ. ಆದರೆ ಕೆಲಸ ಮುಗಿದಿರಲಿಲ್ಲ. ಅಂಕಿಗಳು ಸಿಕ್ಕವು, ಗೆರೆ ಎಳೆಯುವುದನ್ನು ಅದೇ ಕಂಪ್ಯೂಟರಿನೊಳಗೆ ಲಿನಕ್ಸ್ ಎದ್ದರೆ ಮಾತ್ರ ಓಡುವಂತೆ ಕಟ್ಟಿದ್ದಳು. ವಾಚ್‌ಮನ್‌ನನ್ನು ವಾಪಸು ನಿಲ್ಲಿಸಬೇಕು. ಚೀಟಿ ನೋಡುತ್ತಾ ಒಂದೊಂದೇ ಸಾಲು ಒತ್ತಿದಳು. ಒಂದು ಸಾಲಿಗೆ ಪರದೆ ತಪ್ಪು ಎಂದಿತು. ಅಳಿಸಿ ನಿಧಾನವಾಗಿ ಮತ್ತೆ ಒತ್ತಿದಳು. ನಾನು ಕಾಫಿ ಬೇಕಾ ಎಂದು ಕೇಳಿದೆ. ನೀರು ಬೇಕಾ ಎಂದೆ. ಫ್ಯಾನು ಹಾಕಲಾ ಎಂದೆ.

"ತಾತ, ನೀನ್ ಒಂದೇ ಒಂದ್ ಉಪಕಾರ ಮಾಡು. ಕೂತ್ಕ."

ಕೂತೆ. ಅವಳು ಪೆನ್‌ಡ್ರೈವ್ ಕಿತ್ತು ಕಂಪ್ಯೂಟರನ್ನು ಆರಿಸಿ ಹಾಕಿದಳು. ಕಪ್ಪು ಪರದೆ. ಅದರ ಮೇಲೆ ಒಂದರ ಕೆಳಗೊಂದು ಎರಡು ಹೆಸರು ಬಂದು ನಿಂತವು, ಯಾವುದು ಬೇಕು ಎಂದು ಕೇಳುವ ಹಾಗೆ. ಅವಳು ಮೇಲಿನದನ್ನು ಒತ್ತಿದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕಾಫಿ ಹೂವು.

ನಾನು ಏನು ಮಾಡಿದೆ ಎಂದು ನನಗೆ ನೆನಪಿಲ್ಲ. ಹೆಂಡತಿ ಹೇಳುವುದು, ಅವಳ ತಲೆ ಸವರಿ, ಕಂಪ್ಯೂಟರಿನ ತಲೆಯನ್ನೂ ಸವರಿದೆನಂತೆ.

ಐದು ಗಂಟೆಗೆ ಆ ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ ಗೋಣಿಚೀಲಕ್ಕೆ ಹಾಕಿದೆವು. ಮಗ ಗೊಣಗಿದ. "ತಗಂಡ್ ಹೋದ್ರೆ ನನ್ ಕ್ಯಾಮೆರಾ? ಆನೆ ಬಂದ್ರೆ?"

"ವಾರದ ಕೊನೆಗಂಟ ಬರ್ಬ್ಯಾಡ ಅಂತ ಆನೆಗೆ ಹೇಳು ಮಾವ."

ಹೋಗುವಾಗ ಜಾಡಿಯ ಮೇಲಿದ್ದ ರಟ್ಟನ್ನೂ ಕೇಳಿ ತೆಗೆದುಕೊಂಡಳು. ಎಣ್ಣೆಯ ಕಲೆಯ ನಡುವೆ ನನ್ನ ಅಕ್ಷರದಲ್ಲಿ ಮಳೆ ಪುಸ್ತಕ ಏಳು ಎಂದಿತ್ತು. ಸೋಮವಾರ ಮೇಷ್ಟರೊಬ್ಬರು ಮೂಲ ಪುಸ್ತಕ ಎಲ್ಲಿ ಎಂದು ಕೇಳಿದರಂತೆ, ಅವಳು ಆ ರಟ್ಟನ್ನು ಮೇಜಿನ ಮೇಲಿಟ್ಟಳಂತೆ. ಅವರು ಅದನ್ನು ಮೂಸಿ ನೋಡಿ, ಆಮೇಲೆ ಒಂದೊಂದೇ ವರ್ಷ ಕೇಳುತ್ತಾ ಹೋದರಂತೆ. ಕೇಳಿದ ವರ್ಷವೆಲ್ಲ ಬಂತಂತೆ. ಅವಳು ಫೋನಿನಲ್ಲಿ "ಪಾಸ್ ತಾತ" ಎಂದಳು. ಅಜ್ಜಿಗೂ ಹೇಳು ಎಂದೆ. ಫೋನನ್ನು ಹೆಂಡತಿ ಕೈಗೆ ಕೊಟ್ಟೆ.

ಬುಧವಾರ ಬೆಳಿಗ್ಗೆ ಎಂಟಕ್ಕೆ ಡಬ್ಬಿ ಎತ್ತಿದೆ. ಎಪ್ಪತ್ತೆರಡು. ಹೊಸ ಪುಸ್ತಕದಲ್ಲಿ ಬರೆದು ಮೊಮ್ಮಗಳಿಗೂ ಫೋನಿನಲ್ಲಿ ಹೇಳಿದೆ. ಅವಳು, ಕಂಪ್ಯೂಟರಿಗೆ ಹಾಕಿಕೊಂಡೆ, ಇನ್ನೊಂದು ಕಡೆ ಪ್ರತಿ ಮಾಡಿಡುವುದು ರಾತ್ರಿಗೆ ಎಂದಳು. ಅಳತೆ ಕೊಳವೆ ನಾಳೆಗೆ ಬೇಕು, ಹಾಗಾಗಿ ನೀರನ್ನು ಒಂದು ಸಣ್ಣ ಬಾಟಲಿಗೆ ಬಗ್ಗಿಸಿ ಕಿಟಕಿಯಲ್ಲಿ ಇಟ್ಟೆ.

"ಬರ್ದಾಯ್ತಲ್ಲ, ಚೆಲ್ಲಿ ಅದ್ನ" ಎಂದಳು ಹೆಂಡತಿ.

"ಅವ್ಳು ಎರಡ್ನೇ ಕಡೆ ಹಾಕಿದೀನಿ ಅನ್ಲಿ. ಆಮೇಲ್ ಚೆಲ್ತೀನಿ."