ಸೋಮವಾರ ಒತ್ತಿದ ಏಳು ಹೆಬ್ಬೆಟ್ಟು

ಹೋದ ವಾರ ಬಾಜೂ ಮನೆಯವರು ದಸರೆಗೆಂದು ಸುಣ್ಣ ಕುದಿಸಿದರು. ಗೋಡೆಗೆಲ್ಲ ಡಬ್ಬಿಯ ಬಣ್ಣ ಬಳಿದು ಎಷ್ಟೋ ವರ್ಷವಾಯಿತು, ಆದರೆ ಆ ಮನೆಯ ಮುದುಕಿಗೆ ದನದ ಕೊಟ್ಟಿಗೆಗೆ ಮಾತ್ರ ಸುಣ್ಣವೇ ಬೇಕು. ಅಂಗಳದಲ್ಲಿ ಸುಣ್ಣದ ಹರಳು ಹಾಕಿ ನೀರು ಸುರಿದರು. ಕೊತಕೊತ ಕುದಿಯುವ ಸದ್ದು, ಹಿಂದೆಯೇ ಆ ಬಿಸಿ ಬಿಸಿ ವಾಸನೆ ನನ್ನ ಕಿಟಕಿಯೊಳಗೆ ಬಂತು. ಓದುತ್ತಿದ್ದ ಪೇಪರನ್ನು ಮಡಚಿಟ್ಟೆ. ಆ ದಿನ ಮತ್ತೆ ಅದನ್ನು ಬಿಡಿಸಲಾಗಲಿಲ್ಲ.

ಆ ವಾಸನೆ ಕಾಕಾ ಅವರದು. ಪ್ರತಿ ಶನಿವಾರ ಅವರು ಹೀಗೆಯೇ ಸುಣ್ಣ ಕುದಿಸಿ, ವಿಮಾನ ಇಳಿಯುವ ಪಟ್ಟಿಯ ಎರಡೂ ಅಂಚಿನ ಕಲ್ಲುಗಳಿಗೆ ಬಳಿಯುತ್ತಿದ್ದರು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಒಂದು ಕಾಗದದ ಮೇಲೆ ಬರೆಯಬಾರದ ರೀತಿಯಲ್ಲಿ ಬರೆದು ಮುಗಿಸಿದ್ದೇನೆ, ಅಷ್ಟು ಸಾಕು.

ಸ್ವಾತಂತ್ರ್ಯ ಬಂದು ಹನ್ನೆರಡು ಹದಿಮೂರು ವರ್ಷವಾಗಿರಬೇಕು. ಕೊಣ್ಣೂರ ದಾಟಿ ಘೋಡಗೇರಿಯ ಕಡೆ ಹೋಗುವಾಗ ಕಾಲುವೆಯ ಕೆಳಗೆ ಒಂದು ಉದ್ದನೆಯ ಬಯಲು. ಯುದ್ಧದ ಕಾಲದಲ್ಲಿ ಮಿಲಿಟರಿಯವರು ಅದನ್ನು ಸಮ ಮಾಡಿ ಬಿಟ್ಟಿದ್ದರು. ದೂರದ ದೊಡ್ಡ ವಿಮಾನತಳದಿಂದ ಹಾರಲು ಕಲಿಯುವ ಹುಡುಗರು ನಮ್ಮ ತಲೆಯ ಮೇಲೆ ಸುತ್ತುತ್ತಿದ್ದರು. ಯಾರದಾದರೂ ಎಂಜಿನ್ ಕೆಟ್ಟರೆ, ದಾರಿ ತಪ್ಪಿದರೆ ಇಳಿಯಲಿ ಎಂದು ಆ ಪಟ್ಟಿ. ಅದನ್ನು ನೋಡಿಕೊಳ್ಳಲು ಇಬ್ಬರು. ನೆಲಕ್ಕೆ ನಾನು ಕಾಕಾ ಎಂದು ಕರೆಯುತ್ತಿದ್ದ ಆ ಹಿರಿಯರು, ಫೋನಿಗೆ ನಾನು. ನನಗೆ ಇಪ್ಪತ್ತೆರಡು. ಗೋಕಾಕದಲ್ಲಿ ಮ್ಯಾಟ್ರಿಕ್ ಪಾಸಾಗಿದ್ದೆ, ಹಿಂದಿ ಬರುತ್ತಿತ್ತು, ಇಂಗ್ಲಿಷಿನಲ್ಲಿ ನಾಲ್ಕು ಮಾತು ಬರುತ್ತಿತ್ತು, ಸೊಕ್ಕು ಮಾತ್ರ ನಾಲ್ಕು ಜನಕ್ಕೆ ಆಗುವಷ್ಟಿತ್ತು.

ನಮ್ಮಲ್ಲಿ ರೇಡಿಯೋ ಇರಲಿಲ್ಲ. ಮೇಲಿದ್ದವನ ಜೊತೆ ಮಾತಾಡುವುದೆಲ್ಲ ನೆಲದ ಮೇಲೆ ಹಾಸಿದ ಬಿಳಿ ಬಟ್ಟೆಯಿಂದ. ವಿಮಾನ ಯಾವಾಗಲೂ ಗಾಳಿಗೆ ಎದುರಾಗಿ ಇಳಿಯಬೇಕು. ಅದಕ್ಕೇ ಕಂಬದ ಮೇಲೊಂದು ಗಾಳಿಚೀಲ, ಅದು ತೋರಿಸಿದಂತೆ ಇಳಿಯುವ ದಿಕ್ಕು ಹೇಳಲು ನೆಲದ ಮೇಲೆ ಬಟ್ಟೆಯ ಗುರುತು. ನೆಲ ಕೆಟ್ಟಿದ್ದರೆ ಎರಡು ಉದ್ದನೆಯ ಬಟ್ಟೆಗಳನ್ನು ಅಡ್ಡಡ್ಡ ಹಾಸಬೇಕು. ಕಾಕಾ ಅದಕ್ಕೆ ಕತ್ತರಿ ಎನ್ನುತ್ತಿದ್ದರು. ಕತ್ತರಿ ಕಂಡರೆ ಇಳಿಯಬಾರದು. ಆದರೆ ಅದು ಕಾಣುವುದು ಪಟ್ಟಿಯ ತಲೆಯ ಮೇಲೆ ಬಂದಾಗ. ಅದಕ್ಕೂ ಮೊದಲು, ಅವನು ಎಷ್ಟೋ ಮೈಲಿ ದೂರ ಇರುವಾಗಲೇ, ದೊಡ್ಡ ತಳದ ಟಾವರಿನವರು ರೇಡಿಯೋದಲ್ಲಿ ಎಲ್ಲಿಗೆ ಹೋಗಬೇಕು ಎಂದು ಹೇಳುತ್ತಿದ್ದರು. ಅವರು ಹೇಳುವುದು ನಾನು ಬೆಳಿಗ್ಗೆ ಏಳಕ್ಕೆ ಫೋನಿನಲ್ಲಿ ಹೇಳಿದ್ದನ್ನು ನಂಬಿ. ಗಾಳಿ ಹೇಗಿದೆ, ಮೋಡ ಹೇಗಿದೆ, ನೆಲ ಹೇಗಿದೆ, ಈ ಮೂರೇ ಮಾತು.

ನೆಲದ ಮಾತು ಕಾಕಾ ಅವರದು. ಕುರಿ ಕಾಯುವ ಮನೆತನದವರು. ಬೆಳಗಾಗುತ್ತಲೇ ಚಪ್ಪಲಿ ಬಿಟ್ಟು ಪಟ್ಟಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು. ಹತ್ತು ಹೆಜ್ಜೆಗೊಮ್ಮೆ ಹಿಮ್ಮಡಿ ಊರಿ ಮೈಭಾರ ಬಿಟ್ಟು ನಿಲ್ಲುವುದು, ಬಗ್ಗಿ ಆ ಗುಳಿಯನ್ನು ಉಗುರಿನಿಂದ ಅಳೆಯುವುದು. ಗಾಳಿಚೀಲ ಜೋತುಬಿದ್ದ ದಿನ ದೂರದಲ್ಲಿ ಮೇಯುವ ಕುರಿಗಳನ್ನು ನೋಡಿ, ಅವು ಬೆನ್ನು ಕೊಟ್ಟು ನಿಂತ ಕಡೆಯಿಂದ ಗಾಳಿ ಎಂದು ಹೇಳುತ್ತಿದ್ದರು. ನಾನು ನಗುತ್ತಿದ್ದೆ.

"ನಗತೀಯೇನೋ ಸಣ್ಣ ಸಾಹೇಬ? ನಿನ್ನ ಚೀಲಕ್ಕ ತೂತ ಬೀಳತೈತಿ, ಕುರಿಗೆ ಬೀಳಂಗಿಲ್ಲ" ಎನ್ನುತ್ತಿದ್ದರು.

ಆ ನೌಕರಿಯ ಜೊತೆ ಪಟ್ಟಿಯ ಅಂಚಿಗೆ ಎರಡು ಕೋಣೆಯ ಮನೆ ಬಂದಿತ್ತು. ಕಾಕಾ ಅವರ ಹೆಂಡತಿಗೆ ಅದೇ ಅರಮನೆ. ಮದುವೆಯಾದ ಲಾಗಾಯ್ತಿನಿಂದ ಆಕೆ ಕುರಿಗಳ ಹಿಂದೆ, ಅವರಿವರ ಹೊಲದಲ್ಲಿ ಕಂಬಳಿ ಹಾಸಿಕೊಂಡು ಬದುಕಿದವಳು. ಮೊದಲ ಕೂಸು ಅಂಥದೇ ಒಂದು ಹೊಲದಲ್ಲಿ ಜ್ವರ ಬಂದು ತೀರಿತ್ತು. ಎರಡನೆಯದು ಮಗ, ಆಗ ಐದು ವರ್ಷದವನು. "ಇವಂಗ ಬಾಗಲಾ ಇರೋ ಮನಿ ಸಿಕ್ಕೈತಿ ನೋಡ್ರಿ" ಎಂದು ಆಕೆ ನನ್ನೆದುರಿಗೆ ಎಷ್ಟು ಸಲ ಅಂದಳೋ... ಮಗನನ್ನು ಸಾಲಿಗೆ ಹಾಕುವುದು ಆ ವರ್ಷವೇ ಎಂದು ಗಂಡ ಹೆಂಡತಿ ಇಬ್ಬರೂ ಮಾತಾಡಿಕೊಂಡಿದ್ದರು.

ಈಗ ಹೆಬ್ಬೆಟ್ಟಿನ ವಿಷಯಕ್ಕೆ ಬರಬೇಕು. ದಿನದ ವರದಿಯನ್ನು ನಾನು ಒಂದು ಪುಸ್ತಕದಲ್ಲಿ ಬರೆಯಬೇಕು, ನೆಲ ನೋಡಿದವರು ಅದರ ಕೆಳಗೆ ಸಹಿ ಮಾಡಬೇಕು. ಕಾಕಾ ಅವರಿಗೆ ಅಕ್ಷರ ಬರುತ್ತಿರಲಿಲ್ಲ. ದಿನಾ ಹೆಬ್ಬೆಟ್ಟು ಒತ್ತಿದರೆ ಮಸಿ ಸಂಜೆಯತನಕ ಹೋಗುತ್ತಿರಲಿಲ್ಲ, ಆ ಕೈಯಿಂದ ರೊಟ್ಟಿ ಮುರಿದರೆ ಹೆಂಡತಿ ಬಯ್ಯುತ್ತಿದ್ದಳು. ಅದಕ್ಕೆ ನಾನೇ ಒಂದು ಉಪಾಯ ತೆಗೆದೆ. ಸೋಮವಾರ ಒಂದೇ ಸಲ ಏಳು ದಿನದ ಜಾಗದಲ್ಲಿ ಏಳು ಹೆಬ್ಬೆಟ್ಟು ಒತ್ತಿಬಿಡುವುದು. ಮೇಲಿನ ಮಾತನ್ನೂ ಪಕ್ಕದಲ್ಲಿ ಅವರ ಹೆಸರನ್ನೂ ಆಯಾ ದಿನ ನಾನು ಬರೆಯುವುದು. ಕಾಕಾ ಖುಷಿಯಿಂದ ಒತ್ತಿದರು. ನನ್ನ ಬುದ್ಧಿವಂತಿಕೆಯ ಮೇಲೆ ನನಗೂ ಖುಷಿಯಾಯಿತು.

ಸೋಮಾರಿತನ ಬೆಳೆಯಲು ಗೊಬ್ಬರ ಬೇಕಿಲ್ಲ. ಬೇಸಿಗೆ ಇಡೀ ನೆಲ ಕಲ್ಲಿನಂತಿರುತ್ತಿತ್ತು. ಕಾಕಾ ನಡೆದು ಬರುವುದು ಏಳೂವರೆ, ಬಂದು ಹೇಳುವುದು "ಗಟ್ಟಿ ಐತಿ". ತಡವಾದರೆ ಟಾವರಿನಿಂದ ಬೈಗುಳ. ಹೇಗೂ ಅದೇ ಮಾತಲ್ಲವೇ ಎಂದು ಅವರು ಬರುವ ಮೊದಲೇ, ಸರಿಯಾಗಿ ಏಳಕ್ಕೆ ಫೋನ್ ತಿರುಗಿಸಿ "ನೆಲ ಗಟ್ಟಿ" ಎಂದು ಹೇಳತೊಡಗಿದೆ. ಪುಸ್ತಕದಲ್ಲೂ ಬರೆದುಬಿಡುತ್ತಿದ್ದೆ. ಒಂದೇ ಒಂದು ಸಲ ಮಳೆಗಾಲದ ಮೊದಲಲ್ಲಿ ವರದಿ ಕೊಟ್ಟ ಮೇಲೆ ತಿದ್ದಬೇಕಾಯಿತು. ಆ ಕಡೆಯ ಅಧಿಕಾರಿ ನನ್ನನ್ನು ಹಿಗ್ಗಾಮುಗ್ಗಾ ಬಯ್ದರು. ಇನ್ನೊಮ್ಮೆ ಹೀಗಾದರೆ ಮನೆಗೆ ಹೋಗುತ್ತೀ ಎಂದರು.

ಆ ದಿನ ಗುರುವಾರ. ಮಳೆ ನಿಂತು ಹತ್ತು ದಿನವಾಗಿ ಬಿಸಿಲು ಬಿದ್ದಿತ್ತು. ಏಳಕ್ಕೆ ಫೋನ್ ಮಾಡಿದೆ. ಗಾಳಿ ಪಡುವಣ, ಮೋಡ ಅರ್ಧ, ನೆಲ ಗಟ್ಟಿ. ಬರೆದೂ ಆಯಿತು. ಸುಮಾರು ಏಳೂವರೆಗೆ ಕಾಕಾ ಏದುಸಿರು ಬಿಡುತ್ತ ಬಂದರು. ಮೊಣಕಾಲಿನವರೆಗೆ ಕೆಸರು.

"ತಮ್ಮಾ, ಯಾರೋ ರಾತ್ರಿ ಕಾಲುವಿ ನೀರ ಹೊಲಕ್ಕ ತಿರುವಿ ಬಿಟ್ಟ ಹೋಗ್ಯಾರ. ಪಟ್ಟಿ ನಡುವ ಪೂರಾ ಮೆತ್ತಗಾಗೈತಿ. ಮ್ಯಾಲ ಹುಲ್ಲ, ಕೆಳಗ ರಾಡಿ. ಫೋನ್ ಹಚ್ಚು, ನಾ ಕತ್ತರಿ ಹಾಸಾಕ ಹೋಗತೇನಿ."

"ಹಚ್ಚತೇನ್ರಿ ಕಾಕಾ" ಎಂದೆ.

ಅವರು ಬಟ್ಟೆಯ ಸುರುಳಿ ಹೆಗಲಿಗೆ ಹಾಕಿಕೊಂಡು ಓಡಿದರು. ನಾನು ಫೋನಿನ ಮುಂದೆ ಕುಳಿತೆ. ಹಿಡಿಕೆಯ ಮೇಲೆ ಕೈ ಇಟ್ಟೆ, ತೆಗೆದೆ. ಬಯ್ದ ದನಿ ಕಿವಿಯಲ್ಲೇ ಇತ್ತು. ಇವತ್ತು ಯಾರು ಬರುತ್ತಾರೆ, ತಿಂಗಳಾದರೂ ಒಬ್ಬ ಇಳಿದಿಲ್ಲ, ಮಧ್ಯಾಹ್ನ ಫೋನ್ ಮಾಡಿ ಈಗ ತಾನೇ ಮೆತ್ತಗಾಯಿತು ಅಂದರಾಯಿತು... ಹೀಗೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಎಂಟಕ್ಕೆ ಫೋನಿನ ಗಂಟೆ ಬಾರಿಸಿತು. ಟಾವರಿನ ಅಧಿಕಾರಿ. ಒಬ್ಬನ ಎಂಜಿನ್ ಕೈ ಕೊಡುತ್ತಿದೆ, ನಿಮ್ಮ ಪಟ್ಟಿಗೆ ಕಳಿಸುತ್ತಿದ್ದೇವೆ, ದನಕರು ಇರದಂತೆ ನೋಡಿಕೊ ಎಂದರು. ಹೇಳಲು ನನಗೆ ಒಂದು ಉಸಿರಿನಷ್ಟು ಹೊತ್ತಿತ್ತು. ನೆಲ ಮೆತ್ತಗಿದೆ, ಎರಡೇ ಶಬ್ದ. ನನ್ನ ಬಾಯಿಂದ ಬಂದದ್ದು "ಸರಿ ಸರ್" ಅಷ್ಟೆ. ಆ ಕಡೆ ಫೋನ್ ಇಟ್ಟರು. ಆಮೇಲೆ ಹುಚ್ಚು ಹಿಡಿದವನಂತೆ ಹಿಡಿಕೆ ತಿರುಗಿಸಿದೆ. ಲೈನ್ ಸಿಗಲಿಲ್ಲ. ಸಿಗುವಷ್ಟರಲ್ಲಿ ವಿಮಾನದ ಸದ್ದು ಕೇಳಿಸಿತು, ಕೇಳಿಸಿದ್ದು ನಿಂತೂ ಹೋಯಿತು. ಎಂಜಿನ್ ಆರಿಹೋಗಿತ್ತು.

ಆ ಹುಡುಗ ಕತ್ತರಿಯನ್ನು ನೋಡಿದ. ನೋಡಿಯೇ ನೋಡಿದ, ಏಕೆಂದರೆ ಒಂದು ಸಲ ರೆಕ್ಕೆ ವಾಲಿಸಿ ತಪ್ಪಿಸಲು ನೋಡಿದ. ಆದರೆ ಎಂಜಿನ್ ಇಲ್ಲದ ವಿಮಾನಕ್ಕೆ ಮತ್ತೆ ಏರುವುದೆಲ್ಲಿ? ಪಟ್ಟಿಯ ತಲೆಗೆ ನೆಲ ಮುಟ್ಟಿ, ಚೆಂದವಾಗಿ ಓಡಿ, ನಡುವಿಗೆ ಬಂದಾಗ ಚಕ್ರ ಹೂತು ಹಿಂಭಾಗ ಮೇಲೆದ್ದು ಬೋರಲಾಯಿತು. ಕಾಕಾ ಕೆಸರಿನಲ್ಲಿ ಓಡಿ ಅವನನ್ನು ಒಬ್ಬರೇ ಎಳೆದು ತೆಗೆದರು. ಜೀವ ಉಳಿಯಿತು. ಬಲಗಾಲನ್ನು ಆಮೇಲೆ ಆಸ್ಪತ್ರೆಯಲ್ಲಿ ತೆಗೆದರು. ನನ್ನಷ್ಟೇ ವಯಸ್ಸಿನವನು. ನೀರು ಕೇಳಿದ, ನಾನೇ ಕುಡಿಸಿದೆ.

ನಾಲ್ಕು ದಿನದ ಮೇಲೆ, ಪುಸ್ತಕದಲ್ಲಿ ಆ ವಾರದ ಏಳೂ ಜಾಗ ಬರೆದು ತುಂಬಿದ ಬಳಿಕ, ವಿಚಾರಣೆಗೆ ಮೂವರು ಸಾಹೇಬರು ಬಂದರು. ಮೊದಲೇ ತಿಳಿಸಿದ್ದರೆ ಅವನಿಗೆ ಇನ್ನೂ ಎತ್ತರವಿತ್ತು, ಬೇರೆ ಒಣ ಬಯಲಿಗೆ ಕಳಿಸಬಹುದಿತ್ತು ಎಂಬುದು ಅವರಿಗೆ ಖಾತ್ರಿಯಾಗಿತ್ತು. ತಿಳಿಸದವರು ಯಾರು ಎಂಬುದಷ್ಟೇ ಪ್ರಶ್ನೆ. ಅವರಿಗೆ ಕನ್ನಡ ಬರುತ್ತಿರಲಿಲ್ಲ, ಕಾಕಾ ಅವರಿಗೆ ಹಿಂದಿ ಬರುತ್ತಿರಲಿಲ್ಲ. ಅಲ್ಲಿ ಎರಡೂ ಬಲ್ಲವನು ನಾನೊಬ್ಬನೇ. ಹಾಗಾಗಿ ನಡುವೆ ನಿಂತು ಮಾತು ತಿರುಗಿಸುವ ಕೆಲಸವೂ ನನ್ನದೇ ಆಯಿತು.

ಪುಸ್ತಕ ತೆರೆದು ಗುರುವಾರದ ಹೆಬ್ಬೆಟ್ಟು ತೋರಿಸಿದರು. ಇದು ನಿನ್ನದೇ ಎಂದು ಕೇಳಿದರು. ಕಾಕಾ "ಹೌದ್ರಿ" ಎಂದರು. ಮೇಲೆ ನೆಲ ಗಟ್ಟಿ ಎಂದು ಬರೆದಿದೆ, ಆಮೇಲೆ ಮೆತ್ತಗಾಗಿದ್ದು ತಿಳಿದು ಕತ್ತರಿ ಹಾಸಿದ್ದೀಯ, ಇವನಿಗೆ ಹೇಳಿದೆಯಾ ಎಂದರು. ಆ ಮಾತನ್ನು ನಾನು ಕನ್ನಡಕ್ಕೆ ತಿರುಗಿಸುವ ಮೊದಲೇ ಒಬ್ಬರು ನನ್ನ ಕಡೆ ತಿರುಗಿ, ನಿನಗೆ ಬಂದು ಹೇಳಿದನೇ ಎಂದು ಕೇಳಿದರು.

"ಇಲ್ಲ ಸರ್" ಎಂದೆ ನಾನು, ಹಿಂದಿಯಲ್ಲಿ.

ಇವನು ಹೇಳುವುದು ನಿಜವೇ ಅಂತ ಅವನನ್ನು ಕೇಳು ಎಂದರು. ನಾನು ಕೇಳಬೇಕಾಯಿತು. ನನ್ನ ಬಾಯಿಂದ, ನನ್ನ ಭಾಷೆಯಲ್ಲಿ.

"ಕಾಕಾ... ನೆಲ ಮೆತ್ತಗಾಗೈತಿ ಅಂತ ನೀವು ನನಗ ಹೇಳಿಲ್ಲ ಅಂತ ಹೇಳೇನ್ರಿ. ಖರೆ ಏನು ಅಂತ ಕೇಳಾಕತ್ತಾರ."

ಕಾಕಾ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಹಿಮ್ಮಡಿ ಊರಿ ನೆಲದ ಗುಳಿಯನ್ನು ನೋಡುತ್ತಿದ್ದರಲ್ಲ, ಹಾಗೆ ನೋಡಿದರು. ಆಮೇಲೆ ಪುಸ್ತಕದ ಕಡೆ ಕೈ ಮಾಡಿದರು.

"ಹೆಬ್ಬಟ್ಟ ನಂದ ಐತಿ. ಅಂದ ಮ್ಯಾಲ ಅದರ ಮ್ಯಾಲಿನ ಮಾತೂ ನಂದ ಅಂತ ಹೇಳು."

ನಾನು ಅದನ್ನು ಒಂದು ಅಕ್ಷರ ತಪ್ಪಿಲ್ಲದೆ ಹಿಂದಿಗೆ ತಿರುಗಿಸಿದೆ. ಹೆಬ್ಬೆಟ್ಟು ಮೊದಲು ಬಿದ್ದದ್ದು, ಮಾತು ಆಮೇಲೆ ಬಂದದ್ದು ಎಂಬುದನ್ನು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನ ನೌಕರಿ ಉಳಿಯಲಿ ಅಂತಲೋ, ಓದು ಬಲ್ಲವನ ಎದುರು ತನ್ನ ಮಾತು ನಡೆಯದು ಅಂತಲೋ, ಒತ್ತಿದ ಮೇಲೆ ಒತ್ತಿದ ಹಾಗೇ ಅಂತಲೋ. ಅವರು ಯಾಕೆ ಹಾಗೆ ಹೇಳಿದರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅವರನ್ನು ಕೇಳುವ ಧೈರ್ಯ ಆಗಲಿಲ್ಲ.

ಕಾಕಾ ಅವರ ನೌಕರಿ ಹೋಯಿತು, ವಾರದೊಳಗೆ ಮನೆ ಬಿಡಬೇಕಾಯಿತು. ಹೆಂಡತಿ ಪಾತ್ರೆಗಳನ್ನು ಕಂಬಳಿಯಲ್ಲಿ ಕಟ್ಟಿದಳು. ಮಗ ಅಳುತ್ತಿದ್ದ. ಕಾಕಾ ಅವರ ಅಣ್ಣನ ಕುರಿ ಆಗ ಮೂಡಲಗಿಯ ಕಡೆ ಇದ್ದವು, ಅಲ್ಲಿಗೆ ಹೊರಟಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ, ಕ್ಷಮೆ ಕೇಳಲೂ ಅಲ್ಲ, ಬೀಳ್ಕೊಡಲೂ ಅಲ್ಲ, ಸುಮ್ಮನೆ ನಿಂತಿದ್ದೆ. ಕಾಕಾ ಗಂಟನ್ನು ತಲೆಗೇರಿಸಿಕೊಂಡು, "ಇನ್ನ ಮ್ಯಾಲ ನೆಲ ನೀ ನಡದ ನೋಡಬೇಕು, ತಮ್ಮಾ" ಎಂದರು. ಆ ದಿನ ಅವರು ಸಣ್ಣ ಸಾಹೇಬ ಎನ್ನಲಿಲ್ಲ.

ಮುಂದೆ ನನಗೆ ದೊಡ್ಡ ತಳದ ಟಾವರಿನಲ್ಲೇ ಕೆಲಸ ಸಿಕ್ಕಿತು. ಮೂವತ್ತು ವರ್ಷ ಮಾಡಿದೆ. ಕಣ್ಣಾರೆ ನೋಡದೆ ಒಂದು ಮಾತನ್ನೂ ಯಾರಿಗೂ ಹೇಳಲಿಲ್ಲ. ನಿವೃತ್ತಿಯ ದಿನ ಅದನ್ನೇ ಹೊಗಳಿ ಭಾಷಣ ಮಾಡಿದರು. ಹಾರ ಹಾಕಿಸಿಕೊಂಡು ಕುಳಿತವನಿಗೆ ಎದ್ದು ಓಡಿಹೋಗಬೇಕು ಅನ್ನಿಸಿತು, ಓಡಲಿಲ್ಲ. ಗೋಕಾಕಕ್ಕೆ ಬಂದು ಮನೆ ಕಟ್ಟಿಸಿ ಇದ್ದುಬಿಟ್ಟೆ.

ಹೋದ ವಾರ ಆ ಸುಣ್ಣದ ವಾಸನೆ ಬಂದ ಮರುದಿನ ವಿಚಾರಿಸುತ್ತ ಹೊರಟೆ. ಕಾಕಾ ತೀರಿ ಬಹಳ ವರ್ಷವಾಗಿದೆ ಎಂದು ತಿಳಿಯಿತು. ಮಗ ಕಲ್ಲೋಳಿಯಲ್ಲಿದ್ದಾನೆ, ಅವನಿಗೂ ತಲೆ ನೆರೆತಿದೆ. ಸಾಲಿ ಕಲಿಯಲಾಗಲಿಲ್ಲ, ಬಹಳ ಕಾಲ ಕುರಿ ಕಾಯ್ದು, ಈಗ ಎರಡು ಎಕರೆ ಮಾಡಿಕೊಂಡಿದ್ದಾನೆ. ಹೊರಸಿನ ಮೇಲೆ ಕೂರಿಸಿ ಚಹಾ ತರಿಸಿದ. ನಾನು ಯಾರೆಂದು ಹೇಳಿದೆ. ಗುರುವಾರದ್ದು, ಫೋನಿನದು, ಹೆಬ್ಬೆಟ್ಟಿನದು, ನಾನು ತಿರುಗಿಸಿದ ಮಾತು, ಎಲ್ಲ ಹೇಳಿದೆ.

ಅವನು ತಣ್ಣಗಾದ ನನ್ನ ಚಹಾವನ್ನು ಚೆಲ್ಲಿ, ಬೇರೆ ಹಾಕಿಸಿಕೊಂಡು ಬಂದ. ಬೈದಿದ್ದರೆ ಚೆನ್ನಾಗಿತ್ತು.

"ಅಪ್ಪ ಒಮ್ಮಿನೂ ಈ ಸುದ್ದಿ ತಗೀಲಿಲ್ರಿ" ಎಂದ ಕೊನೆಗೆ. "ಆದ್ರ ನಮ್ಮವ್ವಗ ಸಿಟ್ಟ ಬಂದಾಗೆಲ್ಲ ಒಂದ ಮಾತ ಅಂತಿದ್ಲು. ನೀ ಒಬ್ಬರ ಕೂಸಿನ ಕಾಲ ಕಳದಾಂವ, ನನ್ನ ಮನೀನೂ ಕಳದಾಂವ ಅಂತ. ಜಗಳ ಯಾವುದರ ಇರಲಿ, ಅಲ್ಲಿಗೇ ಬಂದ ನಿಲ್ಲತಿತ್ತು. ಅಪ್ಪ ಕೇಳಿ ಸುಮ್ಮನ ಎದ್ದ ಕುರಿ ಕಡೆ ಹೋಗತಿದ್ದ. ಅಂವ ಸತ್ತ ಮ್ಯಾಲೂ ಆಕಿ ಅದನ್ನ ನಂಬಿಕೊಂಡ ಕುಂತಿದ್ಲು. ಆಕಿ ಹೋಗಿ ಎರಡ ವರ್ಷ ಆತ್ರಿ..."

ಲೋಟವನ್ನು ನನ್ನ ಕಡೆ ಸರಿಸಿ, "ಆಕಿ ಮುಂದ ಹೇಳಬೇಕಾಗಿತ್ರಿ ನೀವು" ಎಂದ.

ಆತನ ಮನೆಗೆ ಬರಲು ನಾನು ಐವತ್ತು ವರ್ಷಕ್ಕೂ ಮೇಲೆ ತೆಗೆದುಕೊಂಡಿದ್ದೆ. ಗೋಕಾಕದಿಂದ ಕಲ್ಲೋಳಿಗೆ ಬಸ್ಸಿನಲ್ಲಿ ಒಂದು ತಾಸೂ ಬೇಕಾಗುವುದಿಲ್ಲ.